ಶಾಲೆಗೆ ಕಳಿಸದ ಅಪ್ಪ-ಅಮ್ಮಂದಿರ ಸಂಶಯ: ಯಾವುದನ್ನು ಬಿಡಬಹುದು, ಯಾವುದನ್ನು ಬಿಡಬಾರದು

ಮಗುವನ್ನು ಶಾಲೆಗೆ ಕಳಿಸದೆ ಮನೆಯಲ್ಲೇ ಕಲಿಸೋಣ ಎಂದು ತೀರ್ಮಾನಿಸಿದವರಿಗೆ ಹಗಲು ಹೊತ್ತು ಅಷ್ಟೇನೂ ಕಷ್ಟವಿಲ್ಲ. ಮಗು ಇರುವೆ ಸಾಲಿನ ಹಿಂದೆ ಹೋಗುತ್ತದೆ, ಕೆಟ್ಟ ಗಡಿಯಾರ ಬಿಚ್ಚುತ್ತದೆ, ನೂರು ಪ್ರಶ್ನೆ ಕೇಳುತ್ತದೆ. ರಾತ್ರಿ ಮಗು ಮಲಗಿದ ಮೇಲೆ ಸಂಶಯಗಳು ಶುರುವಾಗುತ್ತವೆ. ಇವಳ ವಯಸ್ಸಿನವರೆಲ್ಲ ಈಗ ಭಾಗಾಕಾರ ಮಾಡುತ್ತಿರುತ್ತಾರೆ ಅಲ್ವಾ? ಏಳು ತುಂಬಿತು, ಇನ್ನೂ ಓದಲು ಬರುತ್ತಿಲ್ಲ. ಗೆಳೆಯರು ಸಿಗುತ್ತಾರಾ? ನಾನೇನು ಟೀಚರ್ ಓದಿದವಳಾ? ಸಿಲೆಬಸ್ಸೇ ಇಲ್ಲದ ಅನ್‌ಸ್ಕೂಲಿಂಗ್ ದಾರಿ ಹಿಡಿದವರಿಗಂತೂ ಇದು ಇನ್ನೂ ಜಾಸ್ತಿ.

ಇಂಥವರಿಗೆ ಜನ ಎರಡು ರೀತಿ ಉತ್ತರ ಕೊಡುತ್ತಾರೆ. ಒಬ್ಬರು ಹೆದರಿಸುತ್ತಾರೆ. ಇನ್ನೊಬ್ಬರು ‘ಮಗುವನ್ನು ನಂಬಿ, ಎಲ್ಲ ತಾನಾಗಿಯೇ ಬರುತ್ತದೆ’ ಎನ್ನುತ್ತಾರೆ. ಕಲಿಕೆಯ ಬಗ್ಗೆ ನಡೆದ ಸಂಶೋಧನೆ ಈ ಎರಡನ್ನೂ ಪೂರ್ತಿ ಒಪ್ಪುವುದಿಲ್ಲ. ಕೆಲವು ಸಂಶಯಗಳನ್ನು ನಿಶ್ಚಿಂತೆಯಿಂದ ಬಿಟ್ಟುಬಿಡಬಹುದು, ಕೆಲವನ್ನು ಬಿಡಲೇಬಾರದು. ಯಾವುದು ಯಾವುದು ಎಂದು ಗೊತ್ತಾದರೆ ಅರ್ಧ ಭಾರ ಇಳಿಯುತ್ತದೆ.

ಮೊದಲು ‘ತಡವಾಗುತ್ತಿದೆ’ ಎಂಬ ಭಯ. ಬಿಡಬಹುದಾದವುಗಳಲ್ಲಿ ಇದೇ ದೊಡ್ಡದು.

1929ರಲ್ಲಿ ಅಮೆರಿಕದ ನ್ಯೂ ಹ್ಯಾಂಪ್‌ಶೈರ್ ರಾಜ್ಯದ ಮ್ಯಾಂಚೆಸ್ಟರ್ ಊರಿನಲ್ಲಿ ಶಾಲೆಗಳ ಮೇಲ್ವಿಚಾರಕರಾಗಿದ್ದ ಎಲ್. ಪಿ. ಬೆನೆಜೆ ಒಂದು ಧೈರ್ಯದ ಕೆಲಸ ಮಾಡಿದರು. ಮಕ್ಕಳು ಲೆಕ್ಕದ ಸೂತ್ರಗಳನ್ನು ಗಿಣಿಪಾಠ ಒಪ್ಪಿಸುತ್ತಾರೆ, ಆದರೆ ನಾಲ್ಕು ಮಾತು ಸರಿಯಾಗಿ ಆಡಲು ಬರುವುದಿಲ್ಲ ಎಂಬುದು ಅವರ ಕೊರಗು. ಕೆಲವು ಶಾಲೆಗಳಲ್ಲಿ ಆರನೇ ತರಗತಿಯವರೆಗೆ ಲೆಕ್ಕದ ಪಾಠವನ್ನೇ ನಿಲ್ಲಿಸಿಬಿಟ್ಟರು. ಆ ಹೊತ್ತಿನಲ್ಲಿ ಮಕ್ಕಳು ಓದಿದ್ದನ್ನು, ಕಂಡಿದ್ದನ್ನು, ಅನ್ನಿಸಿದ್ದನ್ನು ಹೇಳಬೇಕು. ಸಂಖ್ಯೆಗಳು ಬರುತ್ತಿದ್ದವು, ಆದರೆ ಗಡಿಯಾರ, ದುಡ್ಡು, ಉದ್ದ-ಅಗಲದ ಅಂದಾಜು ಇಂಥ ಕಡೆ ಮಾತ್ರ. ಆರನೇ ತರಗತಿಯಲ್ಲಿ ಲೆಕ್ಕ ಹೇಳಿಕೊಟ್ಟಾಗ ಈ ಮಕ್ಕಳು ಒಂದೇ ವರ್ಷದಲ್ಲಿ, ಮೊದಲಿನಿಂದಲೂ ಲೆಕ್ಕ ಮಾಡುತ್ತಾ ಬಂದವರ ಸಮಕ್ಕೆ ಬಂದರು. ಇವತ್ತಿನ ಸಂಶೋಧಕರು ಮಾಡುವಷ್ಟು ಬಿಗಿಯಾದ ಪ್ರಯೋಗ ಅದಲ್ಲ. ಆದರೂ ಒಂದು ಊರಿನ ಶಾಲೆಗಳಲ್ಲಿ, ಅಧಿಕಾರಿಯೇ ನಿಂತು ಮಾಡಿ ನೋಡಿದ್ದು ಎಂಬ ಕಾರಣಕ್ಕೆ ನನಗೆ ಅದು ತುಂಬ ಮುಖ್ಯವಾಗಿ ಕಾಣುತ್ತದೆ.

ಓದಿನ ವಿಷಯದಲ್ಲೂ ಹೀಗೇ. ನ್ಯೂಜಿಲೆಂಡಿನಲ್ಲಿ ಸೆಬಾಸ್ಟಿಯನ್ ಸುಗೇಟ್ ಮತ್ತು ಸಂಗಡಿಗರು, ಐದನೇ ವಯಸ್ಸಿಗೆ ಓದಲು ಶುರು ಮಾಡಿದ ಮಕ್ಕಳನ್ನೂ ಏಳಕ್ಕೆ ಶುರು ಮಾಡಿದವರನ್ನೂ ಹೋಲಿಸಿ ನೋಡಿದರು. ಹನ್ನೊಂದರ ಹೊತ್ತಿಗೆ ಸರಾಗವಾಗಿ ಓದುವುದರಲ್ಲಿ ಇಬ್ಬರಿಗೂ ವ್ಯತ್ಯಾಸ ಉಳಿದಿರಲಿಲ್ಲ. ಫಿನ್ಲೆಂಡಿನ ಮಕ್ಕಳು ಶಾಲೆಯ ಮೊದಲ ತರಗತಿಗೆ ಹೋಗುವುದೇ ಏಳನೇ ವಯಸ್ಸಿಗೆ. ಅಲ್ಲಿನವರು ಓದಿನಲ್ಲಿ ಹಿಂದೆ ಬಿದ್ದರು ಎಂದು ಯಾರೂ ಹೇಳುವುದಿಲ್ಲ.

ಆದರೆ ಇಲ್ಲಿ ಒಂದು ಮಾತನ್ನು ಸರಿಯಾಗಿ ಗಮನಿಸಬೇಕು. ಈ ಮಕ್ಕಳೆಲ್ಲ ತಡವಾಗಿ ಕಲಿತರು ನಿಜ, ಆದರೆ ಯಾರೋ ಕೂತು ಕಲಿಸಿದರು. ಅದಕ್ಕೂ ಮುಂಚಿನ ವರ್ಷಗಳು ಖಾಲಿ ಹೋಗಲಿಲ್ಲ, ಮಾತು, ಕಥೆ, ಆಟದಲ್ಲಿ ತುಂಬಿದ್ದವು. ತಡವಾಗಿ ಕಲಿಸುವುದೇ ಬೇರೆ, ಕಲಿಸದೇ ಬಿಡುವುದೇ ಬೇರೆ. ಸಂಶಯಪಡುವವರೂ ಧೈರ್ಯ ಹೇಳುವವರೂ ಇವೆರಡನ್ನು ಕಲಸಿಬಿಡುತ್ತಾರೆ.

ಹಾಗಾದರೆ ಯಾವಾಗ ಕಲಿಸಬೇಕು, ಯಾವಾಗ ಸುಮ್ನೆ ಇರಬೇಕು? ಇದಕ್ಕೆ 2011ರಲ್ಲಿ ಎಲಿಜಬೆತ್ ಬೊನಾವಿಟ್ಸ್ ಮತ್ತು ಸಂಗಡಿಗರು ಪ್ರಕಟಿಸಿದ ಪ್ರಯೋಗ ನನಗೆ ಬಹಳ ಇಷ್ಟ. ಶಾಲೆ ಸೇರುವ ವಯಸ್ಸಿಗೆ ಬಾರದ ಮಕ್ಕಳ ಮುಂದೆ ಕೊಳವೆಗಳನ್ನು ಜೋಡಿಸಿ ಮಾಡಿದ ಒಂದು ಹೊಸ ಆಟಿಕೆ ಇಟ್ಟರು. ಒಂದು ಕೊಳವೆ ಎಳೆದರೆ ಕೀಚ್ ಎನ್ನುತ್ತದೆ. ಇನ್ನೊಂದು ಕಡೆ ಒತ್ತಿದರೆ ದೀಪ ಹತ್ತುತ್ತದೆ. ಮತ್ತೊಂದು ಕಡೆ ಸಂಗೀತ. ಒಂದು ಕೊಳವೆಯೊಳಗೆ ಇಣುಕಿದರೆ ಕನ್ನಡಿಯಲ್ಲಿ ತನ್ನದೇ ಮುಖ. ಕೆಲವು ಮಕ್ಕಳಿಗೆ ದೊಡ್ಡವರು, ‘ಇದು ಹೇಗೆ ಕೆಲಸ ಮಾಡುತ್ತೆ ತೋರಿಸ್ತೀನಿ, ನೋಡು’ ಎಂದು ಕೀಚ್ ಎನ್ನಿಸಿ ತೋರಿಸಿದರು. ಇನ್ನು ಕೆಲವರ ಮುಂದೆ ಕೈತಪ್ಪಿ ತಗುಲಿದ ಹಾಗೆ ಕೀಚ್ ಎನ್ನಿಸಿ, ‘ಅರೆ, ನೋಡಿದೆಯಾ!’ ಎಂದರು. ಆಮೇಲೆ ಆಟಿಕೆಯನ್ನು ಮಗುವಿನ ಕೈಗೆ ಕೊಟ್ಟು ಸುಮ್ಮನೆ ನೋಡುತ್ತಾ ಕೂತರು.

ಪಾಠ ಹೇಳಿಸಿಕೊಂಡ ಮಕ್ಕಳು ಹೆಚ್ಚಾಗಿ ಆ ಕೊಳವೆಯನ್ನೇ ಎಳೆದರು, ಬೇಗ ಆಟಿಕೆ ಬಿಟ್ಟರು. ಉಳಿದವರು ಜಾಸ್ತಿ ಹೊತ್ತು ಆಡಿದರು, ದೀಪವನ್ನೋ ಸಂಗೀತವನ್ನೋ ಕನ್ನಡಿಯನ್ನೋ ತಾವೇ ಪತ್ತೆ ಮಾಡಿದರು. ಇದರಲ್ಲಿ ಮಕ್ಕಳ ದಡ್ಡತನವೇನೂ ಇಲ್ಲ. ಗೊತ್ತಿರುವವರು ಇಷ್ಟೇ ತೋರಿಸಿದರು ಅಂದರೆ ಇದರಲ್ಲಿ ಇಷ್ಟೇ ಇರಬೇಕು ಎಂದುಕೊಳ್ಳುವುದು ಜಾಣತನವೇ. ಆದರೆ ಅದೇ ಜಾಣತನ ಹುಡುಕಾಟವನ್ನು ನಿಲ್ಲಿಸಿತು. ಮನೆಯಲ್ಲಿ ಮಗು ಏನನ್ನೋ ಬಿಚ್ಚುತ್ತಾ, ಜೋಡಿಸುತ್ತಾ, ನೀರಿಗೆ ಮುಳುಗಿಸಿ ನೋಡುತ್ತಾ ಕೂತಿರುವಾಗ ‘ಇವತ್ತು ಏನೂ ಕಲಿಸಲಿಲ್ಲ’ ಎಂದು ಒದ್ದಾಡುವವರು ಈ ಪ್ರಯೋಗವನ್ನು ನೆನಪಿಟ್ಟುಕೊಳ್ಳಬೇಕು. ಆ ಹೊತ್ತಿನಲ್ಲಿ ನಾವು ಬಾಯಿ ಹಾಕದೇ ಇರುವುದೂ ಒಂದು ಕೆಲಸವೇ.

ಬಹುಮಾನದ ಕಥೆಯೂ ಇದರ ಜೊತೆಗೇ ಬರುತ್ತದೆ. 1973ರ ಒಂದು ಪ್ರಸಿದ್ಧ ಅಧ್ಯಯನದಲ್ಲಿ ಮಾರ್ಕ್ ಲೆಪ್ಪರ್ ಮತ್ತು ಸಂಗಡಿಗರು ಚಿತ್ರ ಬಿಡಿಸುವುದೆಂದರೆ ಇಷ್ಟಪಡುವ ನರ್ಸರಿ ಮಕ್ಕಳನ್ನು ಆರಿಸಿಕೊಂಡರು. ಕೆಲವರಿಗೆ ‘ಚಿತ್ರ ಬಿಡಿಸಿದರೆ ಸರ್ಟಿಫಿಕೇಟ್ ಕೊಡುತ್ತೇವೆ’ ಎಂದು ಮೊದಲೇ ಹೇಳಿದರು. ಒಂದೆರಡು ವಾರದ ನಂತರ ಬಣ್ಣದ ಪೆನ್ನುಗಳನ್ನು ಸುಮ್ಮನೆ ಇಟ್ಟು ನೋಡಿದರೆ, ಈ ಮಕ್ಕಳು ಬೇರೆಯವರಿಗಿಂತ ಸುಮಾರು ಅರ್ಧದಷ್ಟು ಹೊತ್ತು ಮಾತ್ರ ಅದರಲ್ಲಿ ಕಳೆದರು. ಏನನ್ನೂ ನಿರೀಕ್ಷಿಸದೆ ಬಹುಮಾನ ಪಡೆದವರ ಆಸೆ ಕುಗ್ಗಿರಲಿಲ್ಲ. ಹಾಗಾಗಿ ಮನೆಗೂ ಸ್ಟಾರು, ಮಾರ್ಕ್ಸು, ರ‍್ಯಾಂಕು ತಂದು ಹಾಕಬೇಕು ಎಂಬ ಒತ್ತಡ ಬೇಡ.

ಇಲ್ಲಿಯವರೆಗಿನದು ಸಮಾಧಾನದ ಮಾತು. ಇನ್ನು ಬಿಡಬಾರದ ಸಂಶಯಕ್ಕೆ ಬರೋಣ.

ಮಾತು ಮಗುವಿಗೆ ತಾನಾಗಿಯೇ ಬರುತ್ತದೆ. ಯಾರೂ ಪಾಠ ಮಾಡಬೇಕಿಲ್ಲ, ಸುತ್ತ ಮಾತಾಡುವವರು ಇದ್ದರೆ ಸಾಕು. ಇದನ್ನು ನೋಡಿ ಓದೂ ಹಾಗೇ ಬರುತ್ತದೆ ಎಂದುಕೊಳ್ಳುವುದು ಅನ್‌ಸ್ಕೂಲಿಂಗ್ ಮನೆಗಳಲ್ಲಿ ತುಂಬ ಸಾಮಾನ್ಯ. ಆದರೆ ಬರವಣಿಗೆ ಹುಟ್ಟಿ ಬರೀ ಐದು ಸಾವಿರ ವರ್ಷ ಆಗಿದೆ, ಅದರಲ್ಲೂ ಹೆಚ್ಚಿನ ಕಾಲ ಹೆಚ್ಚಿನ ಜನಕ್ಕೆ ಓದು ಬರುತ್ತಿರಲಿಲ್ಲ. ಇಷ್ಟು ಕಡಿಮೆ ಅವಧಿಯಲ್ಲಿ ಮಿದುಳಿನಲ್ಲಿ ಓದಿಗೆಂದೇ ಒಂದು ಜಾಗ ವಿಕಾಸವಾಗಲು ಸಾಧ್ಯವಿಲ್ಲ. ಫ್ರಾನ್ಸಿನ ವಿಜ್ಞಾನಿ ಸ್ತಾನಿಸ್ಲಾಸ್ ದೆಹೇನ್ ತೋರಿಸಿಕೊಟ್ಟಿರುವ ಹಾಗೆ, ಮುಖ ಮತ್ತು ವಸ್ತುಗಳ ಗುರುತು ಹಿಡಿಯುವ ಭಾಗದ ಒಂದು ತುಂಡು ಕಲಿಕೆಯಿಂದಾಗಿ ಅಕ್ಷರಕ್ಕೆ ಹೊಂದಿಕೊಳ್ಳುತ್ತದೆ. ಈ ಹೊಂದಾಣಿಕೆ ಆಗಬೇಕಾದರೆ ಯಾವ ಗುರುತಿಗೆ ಯಾವ ಸದ್ದು ಎಂದು ಹೆಚ್ಚಿನ ಮಕ್ಕಳಿಗೆ ಬಿಡಿಸಿ ಹೇಳಬೇಕು. ತಾವಾಗಿಯೇ ಓದಲು ಕಲಿತ ಮಕ್ಕಳು ಖಂಡಿತ ಇದ್ದಾರೆ. ಅವರನ್ನು ನೋಡಿ ಎಲ್ಲರಿಗೂ ಹಾಗೇ ಆಗುತ್ತದೆ ಎಂದು ಕಾಯಬಾರದು.

ಮಗುವಿಗೆ ನಿಜಕ್ಕೂ ಓದಲು ಬರುತ್ತಿದೆಯಾ ಎಂದು ತಿಳಿಯಲು ಒಂದು ಸರಳ ಉಪಾಯ ಇದೆ. ಮಕ್ಕಳು ಚಿತ್ರ ನೋಡಿ, ಕಥೆ ನೆನಪಿಟ್ಟುಕೊಂಡು, ಮೊದಲ ಅಕ್ಷರ ಹಿಡಿದು ಊಹಿಸಿ ಬಹಳ ಚೆನ್ನಾಗಿ ‘ಓದುತ್ತಾರೆ’. ಪುಟಕ್ಕೆ ಪುಟ ಸರಿಯಾಗಿಯೇ ಹೇಳುತ್ತಾರೆ. ಹಾಗಾಗಿ ಅರ್ಥವೇ ಇಲ್ಲದ ಪದಗಳನ್ನು ಬರೆದು ಕೊಡಿ: ಮಗೂಪಿ, ಟೋನಸ, ಬಿಕ್ಲಮೆ. ಊಹಿಸಲು ಇಲ್ಲಿ ಏನೂ ಇಲ್ಲ. ಸದ್ದು ಸದ್ದಾಗಿ ಬಿಡಿಸಿ ಓದಿದರೆ ಬುನಾದಿ ಗಟ್ಟಿಯಾಗಿದೆ ಎಂದರ್ಥ. ‘ಮಗೂಪಿ’ಯನ್ನು ‘ಮಗು’ ಎಂದು ಮುಗಿಸಿದರೆ, ದೀರ್ಘ ಎಲ್ಲಿ, ಒತ್ತಕ್ಷರ ಎಲ್ಲಿ ಎಂದು ಕೂತು ತೋರಿಸಬೇಕಿದೆ. ಇಂಗ್ಲೆಂಡಿನಲ್ಲಿ 2012ರಿಂದ ಆರು ವರ್ಷದ ಆಸುಪಾಸಿನ ಮಕ್ಕಳಿಗೆ ನಡೆಸುವ ಓದಿನ ಪರೀಕ್ಷೆಯಲ್ಲೂ 40 ಪದಗಳಲ್ಲಿ 20 ಹೀಗೆ ಸುಳ್ಳುಪದಗಳೇ. ಪ್ರತಿದಿನ ಸ್ವಲ್ಪ ಹೊತ್ತು, ತಿಂಗಳುಗಟ್ಟಲೆ ತಾಳ್ಮೆಯಿಂದ ಕಲಿಸಿದ ಮೇಲೂ ಅಕ್ಷರ ಮತ್ತು ಸದ್ದು ಕೂಡಿಬರುತ್ತಿಲ್ಲ ಅಂದರೆ ಡಿಸ್ಲೆಕ್ಸಿಯಾ, ಅಂದರೆ ಅಕ್ಷರ ಬಿಡಿಸಿ ಓದಲು ಕಷ್ಟವಾಗುವ ತೊಂದರೆ, ಇರಬಹುದು. ಅದಕ್ಕೆ ಬೇಗ ನೆರವು ಸಿಕ್ಕಷ್ಟೂ ಒಳ್ಳೆಯದು. ‘ಅವನ ಟೈಮಿಗೆ ಬರುತ್ತೆ’ ಎಂದು ಆಗ ಕಾಯುವುದು ಮಗುವಿಗೆ ಮಾಡುವ ಅನ್ಯಾಯ.

ಓದನ್ನು ಕೂತು ಕಲಿಸಬೇಕು ಎಂಬುದಕ್ಕೆ ಪುಷ್ಟಿ ಕೊಡುವ ಒಂದು ಅಧ್ಯಯನ 2011ರಲ್ಲಿ ಕೆನಡಾದಲ್ಲಿ ಪ್ರಕಟವಾಯಿತು. ಐದರಿಂದ ಹತ್ತು ವರ್ಷದ, ಮನೆಯಲ್ಲಿ ಕಲಿಯುವ 37 ಮಕ್ಕಳನ್ನು ಶಾಲೆಗೆ ಹೋಗುವ 37 ಮಕ್ಕಳ ಜೊತೆ ಹೋಲಿಸಿದರು. ಸಂಶೋಧಕರೇ ಎಲ್ಲ ಮಕ್ಕಳಿಗೂ ಪರೀಕ್ಷೆ ಕೊಟ್ಟರು. ಮನೆಯಲ್ಲಿ ಒಂದು ಕ್ರಮವಿಟ್ಟುಕೊಂಡು ಕಲಿತವರು ಶಾಲೆಯ ಮಕ್ಕಳಿಗಿಂತ ಮುಂದಿದ್ದರು. ಯಾವ ಕ್ರಮವೂ ಇಲ್ಲದೆ ಬೆಳೆಯುತ್ತಿದ್ದ 12 ಮಕ್ಕಳು ಇಬ್ಬರಿಗಿಂತಲೂ ಹಿಂದಿದ್ದರು. ಹನ್ನೆರಡು ತೀರಾ ಸಣ್ಣ ಸಂಖ್ಯೆ. ಇದರ ಮೇಲೆ ಅನ್‌ಸ್ಕೂಲಿಂಗ್ ಸೋತಿತು ಎಂದು ತೀರ್ಪು ಕೊಡಲು ಆಗುವುದಿಲ್ಲ, ಆ ಮಕ್ಕಳು ಮುಂದೆ ಸಮಕ್ಕೆ ಬಂದರೋ ಇಲ್ಲವೋ ಎಂಬುದು ಇಂಥ ಒಂದೇ ಸಲದ ಪರೀಕ್ಷೆಯಲ್ಲಿ ಕಾಣುವುದೂ ಇಲ್ಲ. ಆದರೂ ಓದು ಮತ್ತು ಲೆಕ್ಕದ ಮೊದಲ ಮೆಟ್ಟಿಲುಗಳಿಗೆ ದಿನದಲ್ಲಿ ಸ್ವಲ್ಪ ಹೊತ್ತು ಮೀಸಲಿಡಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ. ಉಳಿದ ಇಡೀ ದಿನ ಮಗುವಿನದಾಗಿರಲಿ.

‘ನಾನು ಟೀಚರ್ ಅಲ್ಲ’ ಎಂಬ ಅಳುಕಿಗೆ ಹೆಚ್ಚು ಹೊತ್ತು ಬೇಕಿಲ್ಲ. ಒಬ್ಬರಿಗೆ ಒಬ್ಬರು ಕೂತು ಕಲಿಸುವುದು ತರಗತಿಯ ಪಾಠಕ್ಕಿಂತ ಪರಿಣಾಮಕಾರಿ ಎಂಬುದನ್ನು 1984ರಲ್ಲಿ ಬೆಂಜಮಿನ್ ಬ್ಲೂಮ್ ಹೇಳಿದರು. ಅವರು ಕೊಟ್ಟ ಭಾರೀ ಅಂಕಿ ಮುಂದಿನ ಅಧ್ಯಯನಗಳಲ್ಲಿ ಅಷ್ಟು ದೊಡ್ಡದಾಗಿ ಉಳಿಯಲಿಲ್ಲ, ಆದರೆ ಲಾಭ ಇರುವುದು ಮತ್ತೆ ಮತ್ತೆ ಕಂಡಿದೆ. ಕಾರಣ ಸರಳ. ನಿಮ್ಮ ಪಕ್ಕದಲ್ಲೇ ಕೂತ ಮಗು ಎಲ್ಲಿ ತಪ್ಪಿತು ಎಂದು ಆ ಕ್ಷಣವೇ ಕಾಣುತ್ತದೆ, ಆಗಲೇ ತಿದ್ದಬಹುದು. ಮೂವತ್ತು ಮಕ್ಕಳ ಮುಂದೆ ನಿಂತ ಎಂಥ ಒಳ್ಳೆಯ ಟೀಚರಿಗೂ ಅದು ಕಷ್ಟ.

ಪರೀಕ್ಷೆ ಇಲ್ಲದಿದ್ದರೆ ಕಲಿತದ್ದು ಉಳಿಯುತ್ತದಾ? ಒಳ್ಳೆಯ ಪ್ರಶ್ನೆ. 2006ರಲ್ಲಿ ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕೆ ವಿದ್ಯಾರ್ಥಿಗಳಿಗೆ ಒಂದು ಬರಹ ಓದಲು ಕೊಟ್ಟರು. ಕೆಲವರು ಅದನ್ನೇ ಮತ್ತೆ ಓದಿದರು. ಇನ್ನು ಕೆಲವರು ಹಾಳೆ ಮುಚ್ಚಿಟ್ಟು ನೆನಪಾದದ್ದನ್ನೆಲ್ಲ ಬರೆದರು. ಐದು ನಿಮಿಷದ ನಂತರ ಕೇಳಿದರೆ ಮತ್ತೆ ಓದಿದವರೇ ಮುಂದೆ. ಒಂದು ವಾರ ಬಿಟ್ಟು ಕೇಳಿದರೆ ಲೆಕ್ಕ ತಿರುಗುಮುರುಗು, ನೆನಪಿನಿಂದ ತೆಗೆದು ಬರೆದವರು ಮುಂದೆ. ಅಂದರೆ ಬೇಕಿರುವುದು ಮಾರ್ಕ್ಸಿನ ಭಯ ಅಲ್ಲ, ನೆನಪಿನಿಂದ ಹೊರತೆಗೆಯುವ ಅಭ್ಯಾಸ. ಹೋದ ವಾರ ಓದಿದ ಜ್ವಾಲಾಮುಖಿಯ ಬಗ್ಗೆ ಊಟದ ಹೊತ್ತಿನಲ್ಲಿ ‘ಅದು ಹೇಗೆ ಉಕ್ಕುತ್ತೆ, ಇನ್ನೊಂದು ಸಲ ಹೇಳು’ ಎಂದು ಕೇಳಿದರೂ ಆ ಕೆಲಸ ಆಗುತ್ತದೆ.

ಗೆಳೆಯರ ವಿಷಯ ಸ್ವಲ್ಪ ಸೂಕ್ಷ್ಮ. ಒಂದೇ ವಯಸ್ಸಿನವರನ್ನು ಒಂದು ಕೋಣೆಯಲ್ಲಿ ಕೂರಿಸುವುದು ಹಳೆಯ ಪದ್ಧತಿಯೇನಲ್ಲ. ಅಮೆರಿಕದಲ್ಲಿ ಹಾಗೆ ಪೂರ್ತಿ ತರಗತಿವಾರು ವಿಂಗಡಿಸಿದ ಮೊದಲ ಶಾಲೆ ಬಾಸ್ಟನ್ನಿನಲ್ಲಿ ಶುರುವಾದದ್ದು 1840ರ ದಶಕದ ಕೊನೆಯಲ್ಲಿ. ಅದಕ್ಕೂ ಮುಂಚೆ ಚಿಕ್ಕವರು ದೊಡ್ಡವರ ಜೊತೆಗೇ ಕಲಿಯುತ್ತಿದ್ದರು, ಆಡುತ್ತಿದ್ದರು. ಆದ್ದರಿಂದ ತರಗತಿ ಇಲ್ಲ ಎಂದು ಹೆದರಬೇಕಿಲ್ಲ. ಆದರೆ ಜೊತೆಯೇ ಇಲ್ಲ ಅಂದರೆ ಹೆದರಲೇಬೇಕು. ಪೀಟರ್ ಗ್ರೇ ಮತ್ತು ಜೀನಾ ರೈಲಿ ಅನ್‌ಸ್ಕೂಲಿಂಗ್‌ನಲ್ಲಿ ಬೆಳೆದ 75 ದೊಡ್ಡವರಿಗೆ ಪ್ರಶ್ನೆಪಟ್ಟಿ ಕೊಟ್ಟು ಕೇಳಿದ್ದಾರೆ. ಹೆಚ್ಚಿನವರು ತಮ್ಮ ಬಾಲ್ಯದ ಬಗ್ಗೆ ಸಂತೋಷವಾಗಿದ್ದರು, ಹೆಚ್ಚಿನವರು ಮುಂದಿನ ಓದಿಗೂ ಹೋಗಿದ್ದರು. ಉತ್ತರ ಕೊಡಲು ತಾವಾಗಿಯೇ ಒಪ್ಪಿ ಬಂದವರ ಮಾತುಗಳಿವು, ಹಾಗಾಗಿ ಎಲ್ಲರಿಗೂ ಅನ್ವಯಿಸಲಾಗದು. ನನಗೆ ಮುಖ್ಯವೆನಿಸಿದ್ದು ಅದರಲ್ಲಿ ನೊಂದುಕೊಂಡಿದ್ದ ಮೂವರ ಮಾತು. ಅವರು ಬೆಳೆದದ್ದು ಮನಸ್ಸು ಕುಗ್ಗಿದ ತಾಯಿ, ಯಾವುದಕ್ಕೂ ಕೈಹಾಕದ ತಂದೆ ಇದ್ದ ಮನೆಗಳಲ್ಲಿ, ಹೊರಗಿನ ಒಡನಾಟವಿಲ್ಲದೆ. ಮನೆಯಲ್ಲಿ ಕಲಿಸುವವರು ಸಿಲೆಬಸ್ಸಿಗಿಂತ ಮೊದಲು ನೋಡಿಕೊಳ್ಳಬೇಕಾದದ್ದು ಇದನ್ನು: ವಾರದಲ್ಲಿ ಹಲವು ಸಲ ಅದೇ ಮಕ್ಕಳು ಮತ್ತೆ ಮತ್ತೆ ಸಿಗುವ ಆಟ, ಹಾಡು, ಈಜು, ಏನಾದರೂ. ಮತ್ತೆ ಅಪ್ಪ-ಅಮ್ಮನನ್ನು ಬಿಟ್ಟು, ಮಗು ಮನಬಿಚ್ಚಿ ಮಾತಾಡಬಹುದಾದ ಇನ್ನೊಬ್ಬ ದೊಡ್ಡವರು.

ಕಾನೂನನ್ನು ಮೊದಲೇ ವಿಚಾರಿಸಿಕೊಳ್ಳಿ. ಇಂಗ್ಲೆಂಡಿನಲ್ಲಿ ಮನೆಯಲ್ಲಿ ಕಲಿಸಲು ಕಾನೂನಿನ ಅಡ್ಡಿಯಿಲ್ಲ, ಜರ್ಮನಿಯಲ್ಲಿ ಶಾಲೆಗೆ ಕಳಿಸುವುದೇ ಕಡ್ಡಾಯ.

ಇನ್ನು ತೀರ್ಮಾನ ಒಂದು ಸಲ ಆದರೆ ಮುಗಿಯಿತು ಎಂಬ ಭಾವನೆಯೂ ಬೇಡ. ಪಕ್ಕದ ಮನೆಯ ಮಗುವಿನ ಜೊತೆ ಹೋಲಿಸುವ ಬದಲು ಆರು ತಿಂಗಳ ಹಿಂದಿನ ಇದೇ ಮಗುವಿನ ಜೊತೆ ಹೋಲಿಸಿ. ಒಂದು ನೋಟ್‌ಬುಕ್ಕಿನಲ್ಲಿ ತಾರೀಖು ಹಾಕಿ ಬರೆದಿಡಿ: ಏನು ಕೇಳಿದಳು, ಏನು ಓದಿದಳು, ಎಲ್ಲಿ ಸಿಕ್ಕಿಹಾಕಿಕೊಂಡಳು, ಯಾರ ಜೊತೆ ಆಡಿದಳು. ಪುಟ ತಿರುಗಿಸಿದಾಗ ಬದಲಾವಣೆ ಕಂಡರೆ ಹಾಗೇ ಮುಂದುವರಿಯಿರಿ. ತಿಂಗಳುಗಟ್ಟಲೆ ಅದೇ ಜಾಗದಲ್ಲಿ ನಿಂತಿದ್ದರೆ ಕಲಿಸುವ ರೀತಿ ಬದಲಾಯಿಸಿ, ಗೊತ್ತಿರುವವರ ನೆರವು ಪಡೆಯಿರಿ. ಮಗುವೇ ಒಂದು ದಿನ ‘ನಾನು ಶಾಲೆಗೆ ಹೋಗ್ತೀನಿ’ ಅಂದರೆ, ಯಾಕೆ ಎಂದು ಸಮಾಧಾನವಾಗಿ ಕೇಳಿಸಿಕೊಂಡು, ಅಲ್ಲಿ ಹೇಗಿರುತ್ತದೆ ಎಂದು ನೋಡಲು ಅವಳ ಜೊತೆ ನೀವೂ ಹೋಗಿ ಬನ್ನಿ.