ಕಲಬುರಗಿಯ ಮಾಳಿಗೆಯಿಂದ ಕಾಣದ ಮೋಡಗಳು

ಮೇ ತಿಂಗಳಲ್ಲಿ ಕಲಬುರಗಿಯ ಬಿಸಿಲು 42 ಡಿಗ್ರಿ ದಾಟಿತೆಂದರೆ ಮಲಗಲು ಮಾಳಿಗೆ ಏರುವವರು ಇಂದಿಗೂ ಇದ್ದಾರೆ. ಸಂಜೆ ಎರಡು ಕೊಡ ನೀರು ಸುರಿದರೂ ಶಹಾಬಾದಿ ಪರಸಿಯ ಕಾವು ಚಾಪೆ ದಾಟಿ ಬೆನ್ನಿಗೆ ತಾಕುತ್ತಿರುತ್ತದೆ. ನಿದ್ದೆ ಬಾರದ ಆ ಹೊತ್ತಿನಲ್ಲಿ ಮೊಬೈಲಿಗೆ ಸ್ವೀಡನ್ನಿನದೋ ಸ್ಕಾಟ್ಲೆಂಡಿನದೋ ಒಂದು ಚಿತ್ರ ಬರುತ್ತದೆ: ನಡುರಾತ್ರಿಯ ಬಾನಂಚಿನಲ್ಲಿ ಬೆಳ್ಳಿಯ ಎಳೆಗಳಂತೆ ಹೊಳೆಯುವ ನೀಲಿ ಮೋಡಗಳು. ಇವು ನಮ್ಮಲ್ಲಿ ಕಾಣುವುದಿಲ್ಲ. ಆದರೂ ಅವುಗಳ ನೀರಿನ ಒಂದು ಪಾಲು ನಮ್ಮಂಥ ಉಷ್ಣವಲಯದ ಆಕಾಶವನ್ನು ಹಾದೇ ಅಲ್ಲಿಗೆ ತಲುಪುತ್ತದೆ.

1883ರ ಆಗಸ್ಟ್‌ನಲ್ಲಿ ಇಂಡೊನೇಷ್ಯಾದ ಕ್ರಕಟೋವಾ ಜ್ವಾಲಾಮುಖಿ ಸಿಡಿಯಿತು. ಅದರ ಧೂಳು, ಅನಿಲ ಆಕಾಶದಲ್ಲಿ ದೂರದೂರ ಹರಡಿ, ಮರುತಿಂಗಳು ಮದರಾಸಿನ ಜನ ಹಸಿರು ಬಣ್ಣದ ಸೂರ್ಯನನ್ನು ಕಂಡರು. ಯುರೋಪಿನಲ್ಲಿ ಅದರಿಂದಲೇ ಕೆಂಪೇರಿದ ಸಂಜೆಗಳನ್ನು ದಿಟ್ಟಿಸುವ ಅಭ್ಯಾಸವಾಗಿದ್ದವರಿಗೆ 1885ರ ಬೇಸಿಗೆಯಲ್ಲಿ, ಸೂರ್ಯ ಮುಳುಗಿ ಬಹಳ ಹೊತ್ತಾದ ಮೇಲೂ ಬೆಳಗುವ ಮೋಡಗಳು ಕಣ್ಣಿಗೆ ಬಿದ್ದವು. ಬರ್ಲಿನ್ನಿನ ಖಗೋಳವಿಜ್ಞಾನಿ ಒಟ್ಟೊ ಯೆಸ್ಸೆ 1887ರಲ್ಲಿ ಅವುಗಳ ಛಾಯಾಚಿತ್ರ ತೆಗೆದರು. ಮುಂದೆ ಬೇರೆ ಬೇರೆ ಸ್ಥಳಗಳಿಂದ ಒಂದೇ ಗಳಿಗೆಯಲ್ಲಿ ತೆಗೆದ ಚಿತ್ರಗಳನ್ನು ಹೋಲಿಸಿ ಅವುಗಳ ಎತ್ತರ ಸುಮಾರು 82 ಕಿಲೋಮೀಟರ್ ಎಂದು ಲೆಕ್ಕ ಹಾಕಿದರು. ಬರೀ ತ್ರಿಕೋನಮಿತಿಯಿಂದ ಸಿಕ್ಕ ಆ ಅಂಕಿಯನ್ನು ಉಪಗ್ರಹಗಳ ಕಾಲವೂ ಒಪ್ಪಿಕೊಂಡಿದೆ ಎಂಬುದು ನನಗೆ ಇಡೀ ಕಥೆಯ ಅತ್ಯಂತ ಚೆಲುವಾದ ಭಾಗ.

ಅಷ್ಟು ಎತ್ತರದಲ್ಲಿ, ಧ್ರುವಗಳ ಕಡೆಗೆ, ಬೇಸಿಗೆಯೇ ಕಡುಚಳಿಯ ಕಾಲ. ಮೇಲೇರುವ ಗಾಳಿ ಹಿಗ್ಗಿ ತಣಿದು ಮೈನಸ್ 130 ಡಿಗ್ರಿಗೂ ಕೆಳಗಿಳಿದಾಗ, ಉರಿದುಹೋದ ಉಲ್ಕೆಗಳ ಧೂಳಿನ ಮೇಲೆ ಹಿಮ ಕಟ್ಟುತ್ತದೆ. ನೆಲಕ್ಕೆ ಕತ್ತಲಾದರೂ ಅಲ್ಲಿಗೆ ಇನ್ನೂ ಬಿಸಿಲು ತಾಕುವುದರಿಂದ ಆ ಹಿಮ ಹೊಳೆಯುತ್ತದೆ. ಭೂಮಿ ದುಂಡಗಿರುವುದರಿಂದ 82 ಕಿಲೋಮೀಟರ್ ಎತ್ತರದ ಮೋಡ ಸುಮಾರು 1,000 ಕಿಲೋಮೀಟರ್ ಆಚೆಗೆ ಕಾಣದು. ಕಲಬುರಗಿಯಿಂದ ಉತ್ತರಕ್ಕೆ ಆ ದೂರ ಮುಗಿಯುವುದು ಗ್ವಾಲಿಯರ್ ಮೇಲಿನ ಆಕಾಶದಲ್ಲಿ; ಮೋಡಗಳ ನೆಲೆಯಾದರೋ ಸಾಮಾನ್ಯವಾಗಿ 50 ಡಿಗ್ರಿ ಅಕ್ಷಾಂಶದಿಂದಾಚೆ. ಹಾಗಿದ್ದೂ 2019ರ ಜೂನ್‌ನಲ್ಲಿ ಅವು ದಕ್ಷಿಣ ಕ್ಯಾಲಿಫೋರ್ನಿಯಾದಲ್ಲಿ ಕಾಣಿಸಿಕೊಂಡವು.

ಅಷ್ಟು ಮೇಲಕ್ಕೆ ನೀರು ಹೋಗುವುದಾದರೂ ಹೇಗೆ? ಗಾಳಿ ವಾತಾವರಣದ ಮೇಲಿನ ಪದರಗಳಿಗೆ ಏರುವುದು ಮುಖ್ಯವಾಗಿ ಉಷ್ಣವಲಯದಲ್ಲಿ. ಸುಮಾರು 17 ಕಿಲೋಮೀಟರ್ ಎತ್ತರದ ಕಡುಚಳಿಯಲ್ಲಿ ಅದರ ತೇವದ ಬಹುಪಾಲು ಹೆಪ್ಪುಗಟ್ಟಿ ಉದುರಿಹೋಗುತ್ತದೆ. ಮೀಥೇನ್ ಅನಿಲ ಮಾತ್ರ ಹೆಪ್ಪುಗಟ್ಟದೆ ಆ ಬಾಗಿಲು ದಾಟುತ್ತದೆ. ಇನ್ನೂ ಮೇಲೆ ಅದು ಒಡೆದಾಗ ಒಂದು ಅಣುವಿನಿಂದ ನೀರಿನ ಎರಡು ಅಣುಗಳು ಹುಟ್ಟುತ್ತವೆ. ಕೈಗಾರಿಕಾ ಯುಗದಿಂದೀಚೆಗೆ ಹೆಚ್ಚಿದ ಮೀಥೇನ್‌ನಿಂದಲೇ ಈ ಮೋಡಗಳು ಬರಿಗಣ್ಣಿಗೆ ಕಾಣುವಷ್ಟು ಬೆಳಗಿವೆ ಎಂದು ಜರ್ಮನಿಯ ವಿಜ್ಞಾನಿಗಳು 2018ರಲ್ಲಿ ಕಂಪ್ಯೂಟರ್ ಲೆಕ್ಕಾಚಾರದಿಂದ ತೋರಿಸಿದರು. ದನಗಳ ಹೊಟ್ಟೆ, ಕಲ್ಲಿದ್ದಲ ಗಣಿ, ಕಸದ ರಾಶಿ ಎಲ್ಲವೂ ಇದರ ಮೂಲಗಳೇ. ಯಾದಗಿರಿ ಜಿಲ್ಲೆಯ ಶಹಾಪುರ, ಸುರಪುರಗಳ ಕಡೆ ಕಾಲುವೆಯ ನೀರು ನಿಂತ ಭತ್ತದ ಗದ್ದೆಯಲ್ಲಿ ಕಾಲಿಟ್ಟಾಗ ಕೆಸರಿನಿಂದ ಗುಳ್ಳೆಗಳಾಗಿ ಏಳುವ ಅನಿಲವೂ ಅದೇ.