ಸೇವೆಗೆ ಗಂಟೆಯ ಲೆಕ್ಕ ಬಂದದ್ದು ಹೇಗೆ?

ದಿನಾಂಕ, ಕೆಲಸ, ಎಷ್ಟು ಗಂಟೆ, ಸಹಿ. ಹೈಸ್ಕೂಲ್ ಮಕ್ಕಳ ಸೇವಾ ಚಟುವಟಿಕೆಯ ದಾಖಲೆ ಎಂದರೆ ಹೆಚ್ಚಿನ ಕಡೆ ಈ ನಾಲ್ಕು ಕಾಲಂಗಳ ಒಂದು ಹಾಳೆ. ಅದರಲ್ಲಿ ಒಂದು ಸಾಲು ಹೀಗಿದೆ ಅಂದುಕೊಳ್ಳಿ: ‘ಶನಿವಾರ, ವೃದ್ಧಾಶ್ರಮ ಭೇಟಿ, 3 ಗಂಟೆ.’ ಪಕ್ಕದಲ್ಲಿ ಯಾರದೋ ಗೀಚಿದ ಸಹಿ. ಆ ಮೂರು ಗಂಟೆ ಹುಡುಗಿ ಯಾರ ಪಕ್ಕ ಕೂತಿದ್ದಳು? ಏನು ಮಾತಾಡಿದಳು? ಅವಳು ಬಂದದ್ದು ಅಲ್ಲಿದ್ದ ಅಜ್ಜಿಗೆ ಬೇಕಾಗಿತ್ತಾ, ಇಲ್ಲಾ ಮಧ್ಯಾಹ್ನದ ನಿದ್ದೆ ಹಾಳಾಯಿತಾ? ಮತ್ತೆ ಬರುತ್ತೇನೆ ಅಂದವಳು ಮತ್ತೆ ಹೋದಳಾ? ಇದಕ್ಕೆಲ್ಲ ಹಾಳೆಯಲ್ಲಿ ಜಾಗವೇ ಇಲ್ಲ.

ಪಾಠದ ಆಚೆ ಮಕ್ಕಳು ಮಾಡುವ ಕೆಲಸವನ್ನು ನೋಡುವುದಕ್ಕೆ ಬೇರೆ ದಾರಿಗಳೂ ಇದ್ದವು. ಒಂದು ಕಾಲಕ್ಕೆ ಅವೇ ಮುಂದಿದ್ದವು. ಗಂಟೆಯ ಲೆಕ್ಕ ಮಧ್ಯೆ ಹೇಗೆ ನುಗ್ಗಿತು, ಅದನ್ನು ಹೊರಗೆ ಕಳಿಸಲು ಯಾರು ಏನು ಮಾಡಿದರು ಅನ್ನೋದು ನೂರು ವರ್ಷ ದಾಟಿದ ಕಥೆ.

ಅದು ಶುರುವಾದದ್ದು ಸೇವೆಯಿಂದ ಅಲ್ಲ, ಪಿಂಚಣಿಯಿಂದ. ಉಕ್ಕಿನ ಉದ್ಯಮಿ ಆಂಡ್ರ್ಯೂ ಕಾರ್ನೆಗಿ 1905ರಲ್ಲಿ ಅಮೆರಿಕದ ಕಾಲೇಜು ಪ್ರಾಧ್ಯಾಪಕರಿಗೆ ಪಿಂಚಣಿ ಸಿಗಲಿ ಎಂದು ಒಂದು ಪ್ರತಿಷ್ಠಾನಕ್ಕೆ 1 ಕೋಟಿ ಡಾಲರ್ ಕೊಟ್ಟರು. ಯಾವ ಕಾಲೇಜಿನವರಿಗೆ ಈ ಹಣ ಕೊಡಬೇಕು? ಅಳತೆಗೋಲು ಬೇಕಾಯಿತು. ಹೈಸ್ಕೂಲಿನಲ್ಲಿ ಇಷ್ಟು ‘ಯೂನಿಟ್’ ಓದಿದವರನ್ನು ಮಾತ್ರ ಸೇರಿಸಿಕೊಳ್ಳುವ ಕಾಲೇಜು ಲೆಕ್ಕಕ್ಕೆ ಬರುತ್ತದೆ ಎಂದರು. ಒಂದು ವಿಷಯದಲ್ಲಿ ವರ್ಷಕ್ಕೆ 120 ಗಂಟೆ ಕ್ಲಾಸ್ ಆದರೆ ಒಂದು ಯೂನಿಟ್. ಕಾಲೇಜುಗಳು ಒಪ್ಪಿದವು, ಹೈಸ್ಕೂಲುಗಳು ಹಿಂದೆಯೇ ಬಂದವು. ಕಲಿಕೆಯನ್ನು ಗಡಿಯಾರದಲ್ಲಿ ಅಳೆಯುವ ಅಭ್ಯಾಸ ಅಲ್ಲಿಂದ ಗಟ್ಟಿಯಾಯಿತು.

ಅದೇ ಹೊತ್ತಿಗೆ ಇನ್ನೊಂದು ದನಿಯೂ ಇತ್ತು. ಶಿಕ್ಷಣ ಚಿಂತಕ ಜಾನ್ ಡ್ಯೂಯಿ 1896ರಲ್ಲಿ ಶಿಕಾಗೊ ವಿಶ್ವವಿದ್ಯಾಲಯದಲ್ಲಿ ಮಕ್ಕಳಿಗಾಗಿ ಒಂದು ಪ್ರಯೋಗದ ಶಾಲೆ ತೆರೆದಿದ್ದರು. ಅಲ್ಲಿ ಮಕ್ಕಳು ಅಡುಗೆ ಮಾಡುತ್ತಾ, ನೇಯುತ್ತಾ, ಮರಗೆಲಸ ಮಾಡುತ್ತಾ ಕಲಿಯುತ್ತಿದ್ದರು. ‘ಮಾಡಿ ಕಲಿ’ ಅನ್ನುವುದಷ್ಟನ್ನೇ ಡ್ಯೂಯಿ ಹೇಳಿದರು ಎಂದು ಬಹಳ ಜನ ತಿಳಿದಿದ್ದಾರೆ. ಅವರು ಅಷ್ಟಕ್ಕೇ ನಿಲ್ಲಲಿಲ್ಲ. ಸುಮ್ನೆ ಮಾಡಿದರೆ ಅದು ಅನುಭವ ಆಗುವುದಿಲ್ಲ. ಮಾಡಿದ್ದರಿಂದ ಏನಾಯಿತು, ಯಾಕೆ ಹಾಗಾಯಿತು ಎಂದು ಯೋಚಿಸಿದಾಗಲೇ ಕಲಿಕೆ. ಈಗ ನಾವು ‘ರಿಫ್ಲೆಕ್ಷನ್’ ಎಂದು ಬರೆಸುತ್ತೇವಲ್ಲ, ಅದರ ಬೇರು ಇಲ್ಲಿದೆ.

ಸೇವೆ ಶಾಲೆಯ ದಿನಚರಿಯೊಳಗೆ ಬಂದ ಬಗೆ ತಿಳಿಯಬೇಕಾದರೆ ಕರ್ಟ್ ಹಾನ್ ಹತ್ತಿರ ಬರಬೇಕು. 1886ರಲ್ಲಿ ಬರ್ಲಿನ್‌ನಲ್ಲಿ ಹುಟ್ಟಿದ ಹಾನ್, 1920ರಲ್ಲಿ ದಕ್ಷಿಣ ಜರ್ಮನಿಯ ಸಾಲೆಮ್‌ನಲ್ಲಿ ಶಾಲೆ ಕಟ್ಟಿದರು. ಹಿಟ್ಲರ್ ವಿರುದ್ಧ ದನಿ ಎತ್ತಿದ್ದಕ್ಕೆ 1933ರಲ್ಲಿ ಜೈಲಿಗೆ ಹೋದರು. ಬಿಡುಗಡೆಯಾಗಿ ಬ್ರಿಟನ್‌ಗೆ ಬಂದು, 1934ರಲ್ಲಿ ಸ್ಕಾಟ್ಲೆಂಡ್‌ನ ಕಡಲತೀರದ ಹತ್ತಿರ ಗಾರ್ಡನ್‌ಸ್ಟೌನ್ ಶಾಲೆ ಶುರು ಮಾಡಿದರು. ಇಂದಿನ ಹುಡುಗರಲ್ಲಿ ಮೈ ಶಕ್ತಿ, ಮುನ್ನುಗ್ಗುವ ಗುಣ, ಕೈ ಕೆಲಸದ ಅಚ್ಚುಕಟ್ಟು ಎಲ್ಲ ಕುಂದುತ್ತಿದೆ ಎಂಬ ಚಿಂತೆ ಅವರಿಗಿತ್ತು. ಎಲ್ಲಕ್ಕಿಂತ ಜಾಸ್ತಿ ಕಾಡಿದ್ದು ಕರುಣೆ ಕುಂದುತ್ತಿದೆ ಅನ್ನೋದು. ಅದಕ್ಕೆ ಅವರು ಕಂಡುಕೊಂಡ ಮದ್ದು ಉಪದೇಶ ಅಲ್ಲ, ರಕ್ಷಣಾ ಕೆಲಸ. ಶಾಲೆಯ ಹುಡುಗರು ಕರಾವಳಿ ಕಾವಲಿಗೆ ನಿಂತರು. ಆಮೇಲೆ ಬೆಟ್ಟದಲ್ಲಿ ಸಿಕ್ಕಿಕೊಂಡವರನ್ನು ಹುಡುಕುವ ತಂಡ, ಬೆಂಕಿ ಆರಿಸುವ ತಂಡ ಬಂದವು.

ಹಾನ್ ಶಾಲೆಯ ದಾಖಲೆ ಹಾಳೆ ನನಗೆ ತುಂಬಾ ಇಷ್ಟ. ಅದಕ್ಕೆ ‘ಟ್ರೇನಿಂಗ್ ಪ್ಲ್ಯಾನ್’ ಎಂದು ಹೆಸರು. ಓಡಿದೆನಾ, ಹೇಳಿದ ಕೆಲಸ ಮುಗಿಸಿದೆನಾ ಎಂದು ಹುಡುಗ ದಿನದ ಕೊನೆಗೆ ತಾನೇ ಗುರುತು ಹಾಕಬೇಕು. ನಂಬಿಕೆಯೇ ಅದರ ಅಡಿಪಾಯ. ಇದೂ ಕಾಲಂಗಳ ಹಾಳೆಯೇ, ಆದರೆ ಯಾರಿಗೋ ತೋರಿಸುವುದಕ್ಕಲ್ಲ. ಇವತ್ತಿನ ಹಾಳೆಯಲ್ಲಿ ಸಹಿ ಮಾಡುವವರು ಬೇರೆಯವರು, ಅಲ್ವಾ?

ಹಾನ್ 1936ರಲ್ಲಿ ಸುತ್ತಲ ಊರಿನ ಹುಡುಗರಿಗೂ ತೆರೆದ ಒಂದು ಬ್ಯಾಡ್ಜ್ ಶುರು ಮಾಡಿದ್ದರು. ಅದೇ ಬೆಳೆದು, ಅವರ ಹಳೆಯ ವಿದ್ಯಾರ್ಥಿ, ಎಡಿನ್‌ಬರೊದ ಡ್ಯೂಕ್ ಆಗಿದ್ದ ಬ್ರಿಟನ್ನಿನ ರಾಜಕುಮಾರ ಫಿಲಿಪ್ ಹೆಸರಿನಲ್ಲಿ 1956ರಲ್ಲಿ ಡ್ಯೂಕ್ ಆಫ್ ಎಡಿನ್‌ಬರೊ ಪ್ರಶಸ್ತಿ ಬಂತು. ಕಂಚು, ಬೆಳ್ಳಿ, ಚಿನ್ನ ಎಂದು ಮೂರು ಮೆಟ್ಟಿಲು. ಇಲ್ಲಿ ಲೆಕ್ಕ ಮುಖ್ಯವಾಗಿ ತಿಂಗಳುಗಳದ್ದು. ಚಿನ್ನ ಬೇಕಾದರೆ 12 ತಿಂಗಳ ಸ್ವಯಂಸೇವೆ, ವಾರಕ್ಕೆ ಸರಾಸರಿ ಒಂದು ಗಂಟೆ. ಒಂದೇ ರಜೆಯಲ್ಲಿ ಐವತ್ತು ಗಂಟೆ ಬಾಚಿಕೊಂಡು ಮುಗಿಸಲು ಆಗುವುದಿಲ್ಲ. ಈ ಸಣ್ಣ ನಿಯಮದಲ್ಲಿ ದೊಡ್ಡ ವಿವೇಕ ಇದೆ. ವರ್ಷವಿಡೀ ಹೋಗಬೇಕು ಅಂದಾಗ ಹೋದ ಕಡೆಯ ಜನರ ಹೆಸರು ಗೊತ್ತಾಗುತ್ತದೆ.

1962ರಲ್ಲಿ ಹಾನ್ ಕನಸಿನ ಇನ್ನೊಂದು ಶಾಲೆ ವೇಲ್ಸ್‌ನ ಕಡಲ ದಂಡೆಯ ಹಳೆ ಕೋಟೆಯಲ್ಲಿ ತೆರೆಯಿತು. ಅದೇ ಅಟ್ಲಾಂಟಿಕ್ ಕಾಲೇಜು. ಬೇರೆ ಬೇರೆ ದೇಶದ ಹದಿಹರೆಯದವರು ಅಲ್ಲಿ ಓದುತ್ತಲೇ ಕಡಲಲ್ಲಿ ಜನರನ್ನು ಉಳಿಸುವ ದೋಣಿ ನಡೆಸುತ್ತಿದ್ದರು. ಒಂದು ತೊಂದರೆ ಎದುರಾಯಿತು. ಗಾಳಿ ತುಂಬಿದ ರಬ್ಬರ್ ದೋಣಿ ಈಜುಗಾರರ ಹತ್ತಿರ ಹೋಗಲು ಒಳ್ಳೆಯದು, ಆದರೆ ಕಲ್ಲಿನ ದಂಡೆಗೆ ತಳ ಸವೆದು ಹೋಗುತ್ತಿತ್ತು. ಮುಖ್ಯಸ್ಥರಾಗಿದ್ದ ನಿವೃತ್ತ ನೌಕಾಧಿಕಾರಿ ಡೆಸ್ಮಂಡ್ ಹೋರ್ ಮತ್ತು ವಿದ್ಯಾರ್ಥಿಗಳು ಕೂತು ಯೋಚಿಸಿದರು. ತಳಕ್ಕೆ ಗಟ್ಟಿ ಹಲಗೆ ಹಾಕಿ, ಸುತ್ತ ಗಾಳಿ ಕೊಳವೆ ಇಟ್ಟರು. ಒಡೆಯಿತು, ಬದಲಿಸಿದರು, ಮತ್ತೆ ಕಡಲಿಗೆ ಇಳಿಸಿದರು. ವರ್ಷಗಟ್ಟಲೆ ಹೀಗೇ ನಡೆಯಿತು. ಗಟ್ಟಿ ತಳದ ಆ ಗಾಳಿದೋಣಿಯ ಮಾದರಿಯನ್ನು ಇಂದು ಜಗತ್ತಿನ ಎಷ್ಟೋ ಕಡೆ ರಕ್ಷಣಾ ಪಡೆಗಳು ಬಳಸುತ್ತವೆ.

ಈ ಕೆಲಸಕ್ಕೆ ಎಷ್ಟು ಗಂಟೆ ಬರೆಯೋಣ? ಇಲ್ಲಿ ಕೆಲಸ ಸರಿಯಾಯಿತಾ ಎಂದು ಹೇಳಿದ್ದು ಕಡಲು. ದೋಣಿ ಮುಳುಗಿದರೆ ಯೋಜನೆ ಸರಿಯಿಲ್ಲ. ತೇಲಿ, ಜನರನ್ನು ಹೊತ್ತು ತಂದರೆ ಸರಿ. ನಿಜವಾದ ಅಗತ್ಯ ಎದುರಿಗೆ ಇದ್ದಾಗ ಮೌಲ್ಯಮಾಪನ ಅದರೊಳಗೇ ಇರುತ್ತದೆ.

ಈ ಬಳಗದ ವಿಚಾರವೇ 1968ರಲ್ಲಿ ಜಿನೀವಾದಲ್ಲಿ ಶುರುವಾದ ಇಂಟರ್‌ನ್ಯಾಷನಲ್ ಬ್ಯಾಕಲೊರಿಯೆಟ್‌ಗೆ, ಅಂದರೆ ಐಬಿ ಎಂಬ ಅಂತರರಾಷ್ಟ್ರೀಯ ಶಾಲಾ ಪಠ್ಯಕ್ರಮಕ್ಕೆ ಹರಿದು ಬಂತು. ಡಿಪ್ಲೊಮಾ ಬೇಕಾದರೆ ಆರು ವಿಷಯ ಓದಿದರೆ ಸಾಲದು. ಸೃಜನಶೀಲ ಕೆಲಸ, ಮೈ ದಣಿಸುವ ಕೆಲಸ, ಸೇವೆ ಮೂರೂ ಮಾಡಬೇಕು. ಮೂರರ ಇಂಗ್ಲಿಷ್ ಹೆಸರುಗಳ ಮೊದಲಕ್ಷರ ಸೇರಿಸಿ ಮಕ್ಕಳು ಇದನ್ನು ‘ಕ್ಯಾಸ್’ ಎನ್ನುತ್ತಾರೆ. ಇದಕ್ಕೆ ಅಂಕ ಇಲ್ಲ, ಆದರೆ ಮಾಡದಿದ್ದರೆ ಡಿಪ್ಲೊಮಾ ಇಲ್ಲ. ಇದು ಒಳ್ಳೆಯ ನಿಲುವು ಅಂತಲೇ ನನ್ನ ಅನಿಸಿಕೆ. ಕರುಣೆಗೆ ನೂರಕ್ಕೆ ಎಂಬತ್ತೆರಡು ಕೊಡಲು ಯಾರಿಂದಲೂ ಆಗದು.

ಆದರೆ ಅಂಕ ಇಲ್ಲದ ಜಾಗಕ್ಕೆ ಗಂಟೆ ಬಂದು ಕೂತಿತು. ಎರಡು ವರ್ಷಕ್ಕೆ 150 ಗಂಟೆ ಎಂಬ ಲೆಕ್ಕ ಐಬಿ ಶಾಲೆಗಳಲ್ಲಿ ಬಹಳ ಕಾಲ ನಡೆಯಿತು. ಅಮೆರಿಕದಲ್ಲಿ 1983ರಲ್ಲಿ ಅದೇ ಕಾರ್ನೆಗಿ ಪ್ರತಿಷ್ಠಾನದ ಅಧ್ಯಕ್ಷ ಅರ್ನೆಸ್ಟ್ ಬಾಯರ್, ಹೈಸ್ಕೂಲಿನ ನಾಲ್ಕು ವರ್ಷದಲ್ಲಿ ಸೇವೆಯೂ ಒಂದು ಯೂನಿಟ್ ಆಗಲಿ ಎಂದು ಸಲಹೆ ಕೊಟ್ಟರು. ಎಷ್ಟು ಗಂಟೆ? 120. ಪಿಂಚಣಿಗಾಗಿ ಹುಟ್ಟಿದ ಅಂಕಿ ಹೀಗೆ ಸುತ್ತಿ ಬಂದು ಸೇವೆಯ ಹೆಗಲೇರಿತು.

1992ರಲ್ಲಿ ಮೇರಿಲ್ಯಾಂಡ್ ರಾಜ್ಯ ಸೇವೆಯನ್ನು ಎಲ್ಲ ಸರ್ಕಾರಿ ಶಾಲೆಗಳಲ್ಲೂ ಕಡ್ಡಾಯ ಮಾಡಿತು. ಅಮೆರಿಕದಲ್ಲಿ ಹಾಗೆ ಮಾಡಿದ ಮೊದಲ ರಾಜ್ಯ ಅದು. 75 ಗಂಟೆ, ಇಲ್ಲವೇ ಆಯಾ ಜಿಲ್ಲೆ ರೂಪಿಸಿದ ಸೇವಾ ಕಾರ್ಯಕ್ರಮ ಮುಗಿಸದಿದ್ದರೆ ಹೈಸ್ಕೂಲ್ ಪಾಸಾದ ಸರ್ಟಿಫಿಕೇಟ್ ಇಲ್ಲ. ಕೆನಡಾದ ಒಂಟಾರಿಯೊದಲ್ಲಿ 1999ರಿಂದ 40 ಗಂಟೆ. ಒಪ್ಪದವರೂ ಇದ್ದರು. ಪೆನ್ಸಿಲ್ವೇನಿಯಾದ ಬೆತ್ಲೆಹೆಮ್‌ನಲ್ಲಿ 60 ಗಂಟೆಯ ನಿಯಮದ ವಿರುದ್ಧ ಪೋಷಕರು, ವಿದ್ಯಾರ್ಥಿಗಳು ಕೋರ್ಟಿಗೆ ಹೋದರು. ಗುಲಾಮಗಿರಿ ನಿಷೇಧಿಸುವ ಸಂವಿಧಾನದ 13ನೇ ತಿದ್ದುಪಡಿಗೆ ಇದು ವಿರುದ್ಧ ಎಂದು ವಾದಿಸಿದರು. 1993ರಲ್ಲಿ ಮೇಲ್ಮನವಿ ನ್ಯಾಯಾಲಯ ವಾದ ಒಪ್ಪಲಿಲ್ಲ, ನಿಯಮ ಉಳಿಯಿತು.

ಕಾನೂನಿನ ಪ್ರಶ್ನೆ ಅಲ್ಲಿಗೆ ಮುಗಿಯಿತು, ಮನಸ್ಸಿನ ಪ್ರಶ್ನೆ ಮುಗಿಯಲಿಲ್ಲ. ಆರ್ಥರ್ ಸ್ಟುಕಾಸ್, ಮಾರ್ಕ್ ಸ್ನೈಡರ್, ಗಿಲ್ ಕ್ಲಾರಿ ಎಂಬ ಮನಶ್ಶಾಸ್ತ್ರಜ್ಞರು 1999ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಕಾಲೇಜು ವಿದ್ಯಾರ್ಥಿಗಳ ಮೇಲೆ ನಡೆದ ಅಧ್ಯಯನ ಅದು. ತಾವಾಗಿ ಸೇವೆಗೆ ಹೋಗುವ ಮನಸ್ಸು ಮೊದಲೇ ಇಲ್ಲದವರನ್ನು ಒತ್ತಾಯದಿಂದ ಕಳಿಸಿದರೆ, ಮುಂದೆ ಸ್ವಯಂಸೇವೆ ಮಾಡುವ ಇಚ್ಛೆ ಇನ್ನೂ ಕಡಿಮೆಯಾಯಿತು. ಆಯ್ಕೆಯ ಅವಕಾಶ ಕೊಟ್ಟಾಗ ಹಾಗಾಗಲಿಲ್ಲ. ಕಡ್ಡಾಯವೇ ಬೇಡ ಎಂದು ನಾನು ಇದರಿಂದ ಅರ್ಥ ಮಾಡಿಕೊಳ್ಳುವುದಿಲ್ಲ. ಎಷ್ಟೋ ಮಕ್ಕಳಿಗೆ ಶಾಲೆ ಬಾಗಿಲು ತೋರಿಸದಿದ್ದರೆ ಆ ಜಗತ್ತೇ ಕಾಣುವುದಿಲ್ಲ. ಬಾಗಿಲು ಶಾಲೆ ತೋರಿಸಲಿ, ಯಾವ ಕೋಣೆಗೆ ಹೋಗಬೇಕು ಅನ್ನೋದು ಮಗುವಿನ ಕೈಲಿರಲಿ.

ಇನ್ನೊಂದು ಒತ್ತಡ ಕಾಲೇಜು ಪ್ರವೇಶದ್ದು. ಅಮೆರಿಕದ ನೂರಾರು ಕಾಲೇಜುಗಳು ಬಳಸುವ ಅರ್ಜಿಯಲ್ಲಿ ಚಟುವಟಿಕೆಗೆ ಹತ್ತು ಖಾನೆ. ಹತ್ತು ಖಾನೆ ಕಂಡರೆ ಹತ್ತೂ ತುಂಬಬೇಕು ಅನಿಸುತ್ತದೆ. ಚರ್ಚಾಕೂಟ, ಸಂಗೀತ, ಗಿಡ ನೆಡುವುದು, ಎರಡು ವಾರದ ವಿದೇಶಿ ಸೇವಾ ಪ್ರವಾಸ. 2016ರಲ್ಲಿ ಹಾರ್ವರ್ಡ್ ಶಿಕ್ಷಣ ವಿಭಾಗದ ಒಂದು ತಂಡ ಇದನ್ನು ನೇರವಾಗಿ ಟೀಕಿಸಿತು. ಎರಡು ಮೂರು ಚಟುವಟಿಕೆ ಸಾಕು, ಸೇವೆ ಕನಿಷ್ಠ ಒಂದು ವರ್ಷ ನಡೆಯಲಿ ಎಂದಿತು. ಡ್ಯೂಕ್ ಪ್ರಶಸ್ತಿಯ 12 ತಿಂಗಳು ನೆನಪಾಗುತ್ತದೆ.

ಅಷ್ಟರಲ್ಲಿ ಐಬಿ ತನ್ನ ಹಾಳೆಯನ್ನು ಬದಲಿಸಿತ್ತು. 2010ರಲ್ಲಿ ಪರೀಕ್ಷೆ ಬರೆದವರಿಂದ ಶುರುವಾಗಿ, ಗಂಟೆ ಎಣಿಕೆಯಿಂದ ಕಲಿಕೆಯ ಫಲದ ಕಡೆಗೆ ಒತ್ತು ಹೊರಳಿತು. ಈಗ ಏಳು ಫಲಗಳಿವೆ. ತನ್ನ ಬಲ ಮತ್ತು ಕೊರತೆ ಗುರುತಿಸಿದೆಯಾ, ಕಷ್ಟದ ಕೆಲಸಕ್ಕೆ ಕೈ ಹಾಕಿದೆಯಾ, ಹಿಡಿದದ್ದನ್ನು ಬಿಡದೆ ನಡೆಸಿದೆಯಾ, ಬೇರೆಯವರ ಜೊತೆ ಹೊಂದಿ ದುಡಿದೆಯಾ ಎಂಬಂಥವು. 18 ತಿಂಗಳು ನಿರಂತರ ನಡೆಯಬೇಕು. ಮಧ್ಯೆ ಒಂದು ಯೋಜನೆಯನ್ನಾದರೂ ಕನಿಷ್ಠ ಒಂದು ತಿಂಗಳು ಜೊತೆಯವರೊಂದಿಗೆ ನಡೆಸಬೇಕು. ಮೂರು ಬಾರಿ ಶಿಕ್ಷಕರು ಕೂರಿಸಿಕೊಂಡು ಮಾತಾಡಬೇಕು. ಕೆಲಸಕ್ಕೆ ಐದು ಹಂತ: ಹುಡುಕುವುದು, ತಯಾರಾಗುವುದು, ಮಾಡುವುದು, ತಿರುಗಿ ನೋಡುವುದು, ಬೇರೆಯವರಿಗೆ ತೋರಿಸುವುದು. ಮಾಡುವುದು ಮೂರನೆಯದು ಅನ್ನೋದನ್ನು ಗಮನಿಸಿ. ನಮ್ಮ ಹೆಚ್ಚಿನ ಯೋಜನೆಗಳು ಅಲ್ಲಿಂದಲೇ ಶುರುವಾಗಿ ಅಲ್ಲೇ ಮುಗಿಯುತ್ತವೆ.

ಒಂದು ಉದಾಹರಣೆ. ಐದು ಜನ ವಿದ್ಯಾರ್ಥಿಗಳು ‘ಚಿಕ್ಕ ಮಕ್ಕಳಿಗೆ ಓದು ಕಲಿಸುತ್ತೇವೆ’ ಎಂದು ಬಂದರು ಅಂದುಕೊಳ್ಳಿ. ಮೊದಲ ವಾರ ಕಲಿಸುವುದೇ ಬೇಡ. ಆ ಮಕ್ಕಳ ಶಿಕ್ಷಕಿಯನ್ನು ಕೇಳಲಿ: ಯಾರಿಗೆ ತೊಡಕು, ಎಲ್ಲಿ ತೊಡಕು, ನಾವು ಬಂದರೆ ನಿಮಗೆ ಅನುಕೂಲವಾ? ಎರಡನೇ ವಾರ ಪ್ರತಿ ಮಗುವಿನಿಂದ ಒಂದು ಪುಟ ಜೋರಾಗಿ ಓದಿಸಿ, ಎಲ್ಲೆಲ್ಲಿ ನಿಂತಿತು ಎಂದು ಬರೆದಿಡಲಿ. ಈ ಪುಟವೇ ಆಮೇಲೆ ಅಳತೆಗೋಲು. ಯಾರಾದರೂ ಬರದ ದಿನ ಆ ಮಗುವಿನ ಜೊತೆ ಯಾರು ಕೂರುತ್ತಾರೆ ಅನ್ನೋದೂ ಮೊದಲೇ ತೀರ್ಮಾನವಾಗಲಿ, ಕಾಯುತ್ತಾ ಕೂತ ಮಗುವಿಗೆ ಅದೇ ದೊಡ್ಡ ವಿಷಯ. ಮೂರು ತಿಂಗಳ ನಂತರ ಅಷ್ಟೇ ಕಷ್ಟದ ಇನ್ನೊಂದು ಪುಟ ಓದಿಸಿದರೆ ಬದಲಾವಣೆ ಕಿವಿಗೇ ಕೇಳುತ್ತದೆ. ಕೇಳಿಸದಿದ್ದರೆ ಅದೂ ಉತ್ತರವೇ. ಈ ಐವರಲ್ಲಿ ಯಾರನ್ನೂ ಫೇಲ್ ಮಾಡಬೇಕಿಲ್ಲ, ಏನು ಬದಲಿಸಿದಿರಿ ಎಂದು ಕೇಳಿದರೆ ಸಾಕು.

ತಿರುಗಿ ನೋಡುವುದಕ್ಕೆ 1970ರಲ್ಲಿ ಟೆರಿ ಬಾರ್ಟನ್ ಎಂಬ ಅಮೆರಿಕದ ಶಿಕ್ಷಕರು ಮೂರು ಪ್ರಶ್ನೆ ಕೊಟ್ಟರು. ಏನಾಯಿತು? ಅದರ ಅರ್ಥವೇನು? ಈಗೇನು? ಈಗಲೂ ಇದಕ್ಕಿಂತ ಸರಳ ಸಾಧನ ಸಿಗುವುದು ಕಷ್ಟ. ‘ತುಂಬಾ ಖುಷಿಯಾಯಿತು, ಬಹಳ ಕಲಿತೆ’ ಎಂಬ ಸಾಲು ಈ ಮೂರಕ್ಕೂ ಉತ್ತರ ಅಲ್ಲ. ‘ಇವತ್ತು ಅವನು ಪುಸ್ತಕ ತೆರೆಯಲೇ ಇಲ್ಲ. ಎಲ್ಲರೆದುರು ತಪ್ಪು ತಿದ್ದಿದ್ದಕ್ಕೆ ಇರಬೇಕು. ಮುಂದಿನ ವಾರ ಮೂಲೆಯಲ್ಲಿ ಕೂತು ಓದಿಸುತ್ತೇನೆ’ ಎಂದು ಬರೆದರೆ ಮೂರಕ್ಕೂ ಉತ್ತರ ಬಂತು. ಎಷ್ಟು ಪುಟ ಎಂದು ಕೇಳಿದರೆ ಮಕ್ಕಳು ಮೊದಲ ಬಗೆಯದ್ದನ್ನೇ ಉದ್ದ ಮಾಡುತ್ತಾರೆ. ಅದಕ್ಕೇ ಐಬಿಯ ಹೊಸ ಕೈಪಿಡಿ ಬರೆಯುವುದೊಂದೇ ದಾರಿ ಅಲ್ಲ, ಮಾತು, ಚಿತ್ರ, ವಿಡಿಯೊ ಏನಾದರೂ ಆದೀತು ಎನ್ನುತ್ತದೆ.

ಇಷ್ಟೆಲ್ಲ ಸುಧಾರಣೆ ಆದರೂ ಒಂದು ಜಾಗ ಖಾಲಿಯೇ ಇದೆ. ಏಳು ಫಲಗಳೂ ವಿದ್ಯಾರ್ಥಿಯ ಕಲಿಕೆಯವು. ಸೇವೆ ಪಡೆದವರು ಏನಂದರು? ಐಬಿ ಹುಟ್ಟಿದ 1968ರಲ್ಲೇ ಚಿಂತಕ ಇವಾನ್ ಇಲಿಚ್ ಮೆಕ್ಸಿಕೊದಲ್ಲಿ ಅಮೆರಿಕದ ಯುವ ಸ್ವಯಂಸೇವಕರ ಎದುರು ನಿಂತು, ನೀವು ಸಹಾಯಕ್ಕೆಂದು ಬರುವುದೇ ಬೇಡ ಎಂದು ಹೇಳಿದ್ದರು. ಅವರ ಮಾತು ಕಟುವಾಗಿತ್ತು, ಆದರೆ ಪ್ರಶ್ನೆ ನ್ಯಾಯವಾದದ್ದು. ಆಮೇಲೆ ರ‍್ಯಾಂಡಿ ಸ್ಟೋಕರ್ ಮತ್ತು ಎಲಿಜಬೆತ್ ಟ್ರಯಾನ್ ವಿಸ್ಕಾನ್ಸಿನ್‌ನ ಮ್ಯಾಡಿಸನ್‌ನಲ್ಲಿ, ಕಾಲೇಜು ವಿದ್ಯಾರ್ಥಿಗಳನ್ನು ಸೇವೆಗೆ ಸೇರಿಸಿಕೊಂಡ ಸಂಸ್ಥೆಗಳನ್ನೇ ಕೇಳಿ, 2009ರಲ್ಲಿ ಅವರ ಮಾತುಗಳನ್ನು ಹೊರತಂದರು. ಮುಖ್ಯ ದೂರು ಅಲ್ಪಾವಧಿಯ ಸೇವೆಯ ಬಗ್ಗೆ ಇತ್ತು. ಕೆಲಸ ಕಲಿಸುವುದರಲ್ಲೇ ನಮ್ಮ ಹೊತ್ತು ಹೋಗುತ್ತದೆ, ಕಲಿತ ಹೊತ್ತಿಗೆ ವಿದ್ಯಾರ್ಥಿ ಹೊರಟುಬಿಡುತ್ತಾನೆ ಎಂದು.

ಇದನ್ನು ಸರಿಪಡಿಸಲು ದೊಡ್ಡ ಕೈಪಿಡಿ ಬೇಡ. ವೃದ್ಧಾಶ್ರಮದ ಅದೇ ಹಾಳೆಗೆ ಐದನೇ ಕಾಲಂ ಸೇರಿಸಬಹುದು. ಅದನ್ನು ಅಲ್ಲಿನವರೇ ತುಂಬಲಿ: ಇವರು ಮತ್ತೆ ಬರಬೇಕಾ, ಬಂದರೆ ಏನು ಮಾಡಬೇಕು? ಕೇಳುವುದು ವರ್ಷದ ಕೊನೆಗೆ ಅಲ್ಲ, ಎರಡು ಮೂರು ಭೇಟಿ ಆದಾಗಲೇ. ಆಗಿನ್ನೂ ಬದಲಿಸಿಕೊಳ್ಳಲು ಸಮಯ ಇರುತ್ತದೆ. ಕೇಳುವಾಗ ಹುಡುಗಿ ಎದುರಿಗೆ ಇರಬಾರದು. ಎದುರಿಗಿದ್ದರೆ ಅಜ್ಜಿ ‘ಎಲ್ಲ ಚೆನ್ನಾಗಿತ್ತಮ್ಮ’ ಅಂತಲೇ ಹೇಳುತ್ತಾರೆ.