ಫೇಡರ್ ಇಳಿಸಿದರೂ ಒಡೆಯುವ ಧ್ವನಿ

ಕೆಲವು ವಾರಗಳ ಹಿಂದೆ ಗದಗಿನ ಕಡೆಯ ಯುವ ಗಾಯಕರೊಬ್ಬರು ಮನೆಯಲ್ಲಿಯೇ ಧ್ವನಿಮುದ್ರಿಸಿಕೊಂಡ ವಚನ ಗಾಯನವನ್ನು ಪೆನ್‌ಡ್ರೈವ್‌ನಲ್ಲಿ ಹಾಕಿಕೊಂಡು ಧಾರವಾಡದ ನನ್ನ ಸ್ಟುಡಿಯೋಕ್ಕೆ ಬಂದಿದ್ದರು. ಮಧ್ಯಸಪ್ತಕದಲ್ಲಿ ಸೊಗಸಾಗಿದ್ದ ಕಂಠವು ತಾರ ಷಡ್ಜಕ್ಕೆ ಏರಿದೊಡನೆ ಹರಿದ ಬಟ್ಟೆಯಂತೆ ಚರಚರ ಎನ್ನುತ್ತಿತ್ತು. “ಸರ, ಕೆಂಪು ದೀಪ ಹತ್ತಿದ ಕೂಡಲೇ ಫೇಡರ್ ಅಷ್ಟೂ ಕೆಳಗ ಇಳಿಸೀನ್ರಿ, ಆದ್ರೂ ಧ್ವನಿ ಒಡದೈತ್ರಿ” ಎಂದು ಅವರು ಹೇಳಿದರು. ಅವರು ಹೇಳಿದ್ದು ನಿಜವೇ ಆಗಿತ್ತು. ಆದರೆ ಅವರು ಇಳಿಸಿದ ಫೇಡರ್‌ಗೂ, ಅಂದರೆ ಪರದೆಯಲ್ಲಿ ಮೇಲೆ ಕೆಳಗೆ ಸರಿಸಿ ಧ್ವನಿಯ ಮಟ್ಟ ಬದಲಿಸುವ ಜಾರುಗುಂಡಿಗೂ, ಒಡೆದ ಧ್ವನಿಗೂ ಯಾವ ಸಂಬಂಧವೂ ಇರಲಿಲ್ಲ.

ರೆಕಾರ್ಡಿಂಗ್ ತಂತ್ರಾಂಶದ ಮಿಕ್ಸರ್‌ನಲ್ಲಿ ಒಂದು ಚಾನೆಲ್ ಎಂದರೆ ಧ್ವನಿ ಹರಿಯುವ ಒಂದು ದಾರಿ. ಯಾವ ಗುಂಡಿ ಏನು ಮಾಡುತ್ತದೆ ಎಂಬುದನ್ನು ಬಾಯಿಪಾಠ ಮಾಡುವುದಕ್ಕಿಂತ, ಅದು ಆ ದಾರಿಯಲ್ಲಿ ಎಲ್ಲಿ ಕುಳಿತಿದೆ ಎಂಬುದನ್ನು ತಿಳಿದುಕೊಳ್ಳುವುದು ಹೆಚ್ಚು ಉಪಯುಕ್ತ. ಮೈಕ್‌ನಿಂದ ಹೊರಟ ಸಂಕೇತವು ಮೈಕನ್ನು ಕಂಪ್ಯೂಟರಿಗೆ ಜೋಡಿಸುವ ಪೆಟ್ಟಿಗೆಯಾದ ಆಡಿಯೊ ಇಂಟರ್‌ಫೇಸ್‌ನ ಗೇನ್ ಗುಂಡಿಯಲ್ಲಿ ಹಿಗ್ಗಿ, ಅಲ್ಲಿಯೇ ಅಂಕಿಗಳಾಗಿ ಮಾರ್ಪಟ್ಟು, ಡಿಸ್ಕ್‌ನಲ್ಲಿ ದಾಖಲಾಗುತ್ತದೆ. ಟ್ರ್ಯಾಕ್‌ನ ಫೇಡರ್ ಇರುವುದು ಇದೆಲ್ಲ ಮುಗಿದ ಮೇಲೆ. ಮಲಪ್ರಭಾ ಕಾಲುವೆಗೆ ಮೂಲದಲ್ಲಿಯೇ ರಾಡಿ ನೀರು ಬಂದಿದ್ದರೆ ನವಲಗುಂದದ ಹೊಲದಲ್ಲಿ ನಿಂತು ಬಾಗಿಲು ಇಳಿಸಿದವನಿಗೆ ಕಡಿಮೆ ನೀರು ಸಿಗಬಹುದೇ ಹೊರತು ತಿಳಿನೀರು ಸಿಗುವುದಿಲ್ಲ. ಕ್ಯೂಬೇಸ್‌ನಂಥ ಕೆಲವು ತಂತ್ರಾಂಶಗಳಲ್ಲಿ ಇನ್‌ಪುಟ್‌ಗೆ ಬೇರೆಯದೇ ಚಾನೆಲ್ ಇದ್ದು, ಅದರ ಫೇಡರ್ ದಾಖಲಾಗುವ ಮಟ್ಟವನ್ನು ಬದಲಿಸುತ್ತದೆ ಎಂಬುದು ನಿಜ. ಆದರೆ ಅಲ್ಲಿಗೆ ತಲುಪುವ ಮೊದಲೇ, ಇಂಟರ್‌ಫೇಸ್‌ನಲ್ಲಿ ತಲೆ ಕತ್ತರಿಸಿಕೊಂಡು ಬಂದ ತರಂಗವನ್ನು ಆ ಫೇಡರ್ ಕೂಡ ಸರಿಪಡಿಸಲಾರದು.

ಆದ್ದರಿಂದ ಮೊದಲ ಕೆಲಸ ಗೇನ್ ಹೊಂದಿಸುವುದು. ಡಿಜಿಟಲ್ ಮೀಟರಿನಲ್ಲಿ 0 ಡೆಸಿಬೆಲ್ ಎಂಬುದು ಚಾವಣಿ. ಅದರ ಮೇಲೆ, ಸಂಕೇತವನ್ನು ಅಂಕಿಗಳಾಗಿಸುವ ಪರಿವರ್ತಕಕ್ಕೆ ಅಂಕಿಗಳೇ ಇಲ್ಲ. ಅತಿ ಜೋರಿನ ಕ್ಷಣದಲ್ಲಿಯೂ ಮುಳ್ಳು ಮೈನಸ್ 10ರ ಆಸುಪಾಸಿನಲ್ಲಿ ನಿಲ್ಲುವಂತೆ ನಾನು ಗೇನ್ ಇಡುತ್ತೇನೆ. ಧ್ವನಿಯ ಪ್ರತಿ ಮಾದರಿಯನ್ನು 16 ಬಿಟ್ ಅಂಕಿಯಾಗಿ ಬರೆಯುತ್ತಿದ್ದ ಕಾಲದಲ್ಲಿ ಮೀಟರನ್ನು ಆದಷ್ಟು ಮೇಲೆ ಓಡಿಸುವ ರೂಢಿಯಿತ್ತು. ಅತಿ ಮೆಲುವಿನಿಂದ ಅತಿ ಜೋರಿನವರೆಗೆ ಆಗ ದೊರೆಯುತ್ತಿದ್ದ ವ್ಯಾಪ್ತಿ ಸುಮಾರು 96 ಡೆಸಿಬೆಲ್ ಮಾತ್ರ. 24 ಬಿಟ್‌ನಲ್ಲಿ ಲೆಕ್ಕದ ಪ್ರಕಾರ 144 ಡೆಸಿಬೆಲ್ ಇರುವುದರಿಂದ ಮೇಲೆ ಹತ್ತು–ಹನ್ನೆರಡು ಡೆಸಿಬೆಲ್ ಖಾಲಿ ಬಿಟ್ಟರೆ ಕಳೆದುಕೊಳ್ಳುವುದು ಏನೂ ಇಲ್ಲ. ಧ್ವನಿಮುದ್ರಿಸುವ ಕೋಣೆಯ ಫ್ಯಾನು ಮಾಡುವ ಸದ್ದು ಹೇಗೂ ಯಂತ್ರದ ಸದ್ದಿಗಿಂತ ದೊಡ್ಡದೇ. ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ನಮ್ಮ ಭಾಗದ ಗವಾಯಿಗಳು ಹಾಡಲು ಕುಳಿತಾಗ ಖರ್ಜದ ಆಲಾಪವನ್ನು ಕೇಳಿ ಗೇನ್ ನಿಗದಿ ಮಾಡಿದರೆ ದ್ರುತ್‌ನ ತಾನಿಗೆ ಕೆಂಪು ದೀಪ ಖಂಡಿತ. “ಒಮ್ಮೆ ತಾರಸಪ್ತಕದ ತಾನು ತಗೊಳ್ರಿ” ಎಂದು ವಿನಯದಿಂದ ಕೇಳಿಕೊಂಡು, ಆಮೇಲೆ ಗುಂಡಿ ಮುಟ್ಟುವುದು ಒಳ್ಳೆಯದು.

ಒಮ್ಮೆ ದಾಖಲಾದ ಮೇಲೆ ತಂತ್ರಾಂಶದ ಒಳಗಿನ ಲೋಕ ಉದಾರವಾಗಿದೆ. ಇಂದಿನ ಬಹುತೇಕ ತಂತ್ರಾಂಶಗಳು 0ಯ ಮೇಲಿನ ಮಟ್ಟವನ್ನೂ ಹಿಡಿಯಬಲ್ಲ 32 ಬಿಟ್ ಫ್ಲೋಟ್ ಅಥವಾ ಅದಕ್ಕೂ ಹೆಚ್ಚಿನ ಲೆಕ್ಕದಲ್ಲಿ ನಡೆಯುವುದರಿಂದ, ನಡುವಿನ ಚಾನೆಲ್ಲೊಂದು 0 ದಾಟಿ ಕೆಂಪಾದರೂ ಮುಂದೆ ಇಳಿಸಿಕೊಂಡರೆ ಸಾಮಾನ್ಯವಾಗಿ ಹಾನಿಯಿಲ್ಲ. ಹಾನಿಯಾಗುವುದು ಎಲ್ಲ ಚಾನೆಲ್ಲುಗಳೂ ಕೊನೆಗೆ ಸೇರುವ ಮಾಸ್ಟರ್‌ನಿಂದ ಸ್ಪೀಕರ್‌ಗೆ ಅಥವಾ ಸಾಧಾರಣ ಫೈಲಿಗೆ ಹೊರಬೀಳುವಾಗ. ಹಾಗೆಂದು ಫೇಡರ್‌ಗಳನ್ನು ಎಲ್ಲೆಂದರಲ್ಲಿ ಇಡಬೇಕೆಂದಲ್ಲ. ಫೇಡರ್‌ನ ಅಳತೆಪಟ್ಟಿ ಸಮವಾಗಿಲ್ಲ. 0 ಗುರುತಿನ ಬಳಿ ಅದು ಬಿಡಿಸಿದ ಹಾಗೆ ವಿಶಾಲವಾಗಿಯೂ, ಕೆಳಗೆ ಇಳಿದಂತೆ ಇಕ್ಕಟ್ಟಾಗಿಯೂ ಇರುತ್ತದೆ. 0ಯ ಬಳಿ ಅರ್ಧ ಡೆಸಿಬೆಲ್ ಸರಿಸುವ ಮೌಸಿನ ಚಲನೆಯು ಮೈನಸ್ 40ರ ಬಳಿ ಹಲವು ಡೆಸಿಬೆಲ್ ಎಗರಿಸಿಬಿಡುತ್ತದೆ. ಟ್ರ್ಯಾಕ್ ಜೋರಾಗಿದ್ದರೆ ಕ್ಲಿಪ್‌ನ ಗೇನ್ ಅಥವಾ ಚಾನೆಲ್‌ನ ತಲೆಯಲ್ಲಿರುವ ಟ್ರಿಮ್‌ನಿಂದ ಇಳಿಸಿ, ಫೇಡರನ್ನು 0ಯ ಸುತ್ತಮುತ್ತ ಉಳಿಸಿಕೊಳ್ಳುವುದು ಕೈಗೆ ಹಿತ.

ಪರದೆಯ ಮೇಲೆ ಚಿತ್ರಿಸಿದ ಕ್ರಮವೇ ಧ್ವನಿ ಹರಿಯುವ ಕ್ರಮ ಎಂದು ನಂಬುವಂತಿಲ್ಲ. ಧ್ವನಿಯನ್ನು ಎಡಬಲಕ್ಕೆ ಹಂಚುವ ಪ್ಯಾನ್ ಗುಂಡಿಯನ್ನು ಸಾಮಾನ್ಯವಾಗಿ ಫೇಡರ್‌ನ ಮೇಲೆ ಬರೆದಿರುತ್ತಾರೆ, ಆದರೆ ಅದು ಕೆಲಸ ಮಾಡುವುದು ಬಹುತೇಕ ಫೇಡರ್ ಆದ ನಂತರ. ಧ್ವನಿಯನ್ನು ತಿದ್ದಲು ಚಾನೆಲ್ಲಿನ ದಾರಿಯಲ್ಲಿಯೇ ಕೂಡಿಸುವ ಇನ್ಸರ್ಟ್‌ಗಳಾದರೋ ಸಾಮಾನ್ಯವಾಗಿ ಫೇಡರ್‌ಗಿಂತ ಮೊದಲು. ಹೀಗಾಗಿ ಅಂಥದೊಂದು ಇನ್ಸರ್ಟ್ ಆದ, ಜೋರಿನ ಭಾಗಗಳನ್ನು ತಗ್ಗಿಸುವ ಕಂಪ್ರೆಸರ್ ಅತಿಯಾಗಿ ಒತ್ತುತ್ತಿದೆ ಎಂದು ಫೇಡರ್ ಇಳಿಸಿದರೆ ಅದರ ಒತ್ತಡ ಎಳ್ಳಷ್ಟೂ ತಗ್ಗುವುದಿಲ್ಲ. ಒತ್ತಿದ ಧ್ವನಿಯೇ ಮೆಲ್ಲಗೆ ಕೇಳಿಸುತ್ತದೆ. ಗದಗಿನ ಗಾಯಕರ ಗೊಂದಲದ ಇನ್ನೊಂದು ರೂಪವಿದು.

ಸೆಂಡ್‌ಗಳ ವಿಷಯದಲ್ಲಿ ನಾನೇ ಪೆಟ್ಟು ತಿಂದವನು. ಸೆಂಡ್ ಎಂದರೆ ಚಾನೆಲ್ಲಿನ ಧ್ವನಿಯ ಪ್ರತಿಯೊಂದನ್ನು ಬೇರೆಡೆಗೆ ಕಳಿಸುವ ಕವಲು. ಅದನ್ನು ಫೇಡರ್‌ಗಿಂತ ಮೊದಲು ತೆಗೆದುಕೊಳ್ಳಬಹುದು ಅಥವಾ ನಂತರ ತೆಗೆದುಕೊಳ್ಳಬಹುದು. ಹಲವು ವರ್ಷಗಳ ಹಿಂದೆ ಖ್ಯಾಲ್ ಧ್ವನಿಮುದ್ರಣವೊಂದರಲ್ಲಿ ತಬಲಾ ವಾದಕರ ಹೆಡ್‌ಫೋನಿಗೆ ತಂಬೂರಿಯನ್ನು ಫೇಡರ್ ನಂತರದ ಸೆಂಡ್‌ನಲ್ಲಿ ಕಳಿಸಿದ್ದೆ. ವಿಲಂಬಿತ್ ಏಕತಾಲ ನಡೆದಿರುವಾಗ ಹಾಡುವವರ ಕಂಠವನ್ನು ಒಂದನ್ನೇ ಕೇಳಿ ನೋಡೋಣವೆಂದು ತಂಬೂರಿಯ ಫೇಡರ್ ಇಳಿಸಿದೆ. ಗಾಜಿನಾಚೆ ವಾದಕರು ಕೈ ನಿಲ್ಲಿಸಿ ನನ್ನತ್ತ ನೋಡಿದ ನೋಟವನ್ನು ಮರೆತಿಲ್ಲ. ಅವರ ಕಿವಿಯಿಂದ ಶ್ರುತಿಯೇ ಹೋಗಿತ್ತು. ಕಲಾವಿದರ ಕಿವಿಗೆ ಹೋಗುವ ಸೆಂಡ್ ಫೇಡರ್‌ಗಿಂತ ಮೊದಲಿನದಾಗಿರಬೇಕು. ಆಗ ನಮ್ಮ ಕೈಚಳಕ ಅವರಿಗೆ ತಾಗುವುದಿಲ್ಲ. ಪ್ರತಿಧ್ವನಿಯ ಗುಂಗು ಸೇರಿಸುವ ರಿವರ್ಬ್‌ಗೆ ಹೋಗುವ ಸೆಂಡ್ ಫೇಡರ್ ನಂತರದ್ದಾಗಿರಬೇಕು; ಇಲ್ಲದಿದ್ದರೆ ಹಾಡು ಮುಗಿಸಲು ಫೇಡರ್ ಇಳಿಸಿದಾಗ ಹಾಡುಗಾರ ಮಾಯವಾಗಿ ಅವರ ಪ್ರತಿಧ್ವನಿ ಮಾತ್ರ ಕೋಣೆಯಲ್ಲಿ ಉಳಿದುಕೊಳ್ಳುತ್ತದೆ.

ಬೈಠಕ್ ರೀತಿಯಲ್ಲಿ, ಎಲ್ಲರೂ ಒಂದೇ ಪಡಸಾಲೆಯಲ್ಲಿ ಕುಳಿತು ಹಾಡಿ ನುಡಿಸುವಾಗ, ತರಂಗವನ್ನು ತಲೆಕೆಳಗು ಮಾಡುವ, ಹೆಚ್ಚಿನವರು ಮುಟ್ಟದ ಪೊಲಾರಿಟಿ ಗುಂಡಿಯೇ ಬೆಲೆಬಾಳುತ್ತದೆ. ತಬಲಾಕ್ಕೊಂದು, ಡಗ್ಗಾಕ್ಕೊಂದು ಮೈಕ್ ಇಟ್ಟಿರುತ್ತೇವೆ. ಗಾಯಕರ ಮೈಕೂ ಒಂದೆರಡು ಮೀಟರ್ ದೂರದಿಂದ ಅದೇ ಡಗ್ಗಾವನ್ನು ಕೇಳಿಸಿಕೊಳ್ಳುತ್ತದೆ. ಧ್ವನಿಗೆ ಒಂದು ಮೀಟರ್ ಕ್ರಮಿಸಲು ಸುಮಾರು 3 ಮಿಲಿಸೆಕೆಂಡ್ ಬೇಕು. ತಡವಾಗಿ ಬಂದ ಪ್ರತಿಯು ಮೊದಲಿನದರೊಂದಿಗೆ ಕೂಡಿದಾಗ ಕೆಲವು ಆವರ್ತನಗಳು ಉಬ್ಬುತ್ತವೆ, ಕೆಲವು ಅಳಿಸಿಹೋಗುತ್ತವೆ. ಡಗ್ಗಾದ ಗುಮ್ಮೆನ್ನುವ ನಾದ ಎಲ್ಲ ಚಾನೆಲ್ ತೆರೆದಾಗ ಬಡಕಲಾಗಿ ಕೇಳಿಸಿದರೆ ಈಕ್ವಲೈಸರ್‌ಗೆ ಕೈ ಹಾಕುವ ಮೊದಲು ಒಂದು ಚಾನೆಲ್‌ನ ಪೊಲಾರಿಟಿ ತಿರುಗಿಸಿ ನೋಡಬೇಕು. ಅದು ವಿಳಂಬವನ್ನು ಹೋಗಲಾಡಿಸುವುದಿಲ್ಲ, ಆದರೆ ಯಾವ ಸ್ಥಿತಿಯಲ್ಲಿ ಮಂದ್ರ ನಾದ ತುಂಬಿ ಬರುತ್ತದೋ ಅದನ್ನು ಇಟ್ಟುಕೊಳ್ಳಬಹುದು. ಈ ಪರೀಕ್ಷೆಯನ್ನು ಎಡಬಲಗಳನ್ನು ಒಂದಾಗಿಸಿ, ಮೊನೊದಲ್ಲಿ ಮಾಡಬೇಕು. ಪ್ಯಾನ್‌ನಿಂದ ಎಡಬಲ ಹಂಚಿದಾಗ ದೋಷ ಅಡಗಿಕೊಳ್ಳುತ್ತದೆ. ಇದೇ ಕಾರಣಕ್ಕೆ, ಒಂದೇ ಚಾನೆಲ್ಲನ್ನು ಕೇಳಿಸುವ ಸೋಲೋ ಗುಂಡಿಯನ್ನು ಕುರಿತು ನನಗೆ ಅನುಮಾನವಿದೆ. ಕಂಠವನ್ನು ಒಂದನ್ನೇ ಕೇಳುತ್ತ ಅಂದಗೊಳಿಸಿದರೆ, ಅದರೊಳಗೆ ಸೋರಿದ ಡಗ್ಗಾ, ಪೇಟಿಗಳ ಬಣ್ಣವೂ ಬದಲಾಗಿ, ಎಲ್ಲವೂ ಸೇರಿದಾಗ ಬೇರೆಯೇ ಹಾಡಾಗಿರುತ್ತದೆ. ಗೊರಗೊರ ಸದ್ದು ಎಲ್ಲಿಂದ ಬರುತ್ತಿದೆ ಎಂದು ಹುಡುಕಲು ಸೋಲೋ ಬಳಸಬೇಕು. ನಾದ ತಿದ್ದಲು ಅಲ್ಲ.

ಹಾಡುತ್ತಿರುವುದನ್ನು ಆಗಲೇ ತಂತ್ರಾಂಶದ ಮೂಲಕ ಕೇಳಿಸುವ ಇನ್‌ಪುಟ್ ಮಾನಿಟರ್ ಗುಂಡಿ ಒತ್ತಿದಾಗ ತಮ್ಮ ಧ್ವನಿ ತಡವಾಗಿ ಕೇಳಿಸುತ್ತದೆಂದು ಹಾಡುವವರು ದೂರುವುದುಂಟು. ಕಂಪ್ಯೂಟರು ಧ್ವನಿಯ ಮಾದರಿಗಳನ್ನು ಬಫರ್ ಎಂಬ ಕಂತುಗಳಲ್ಲಿ ಕೂಡಿಟ್ಟುಕೊಂಡು ನಡೆಸುತ್ತದೆ. 48,000 ಹರ್ಟ್ಸ್‌ನಲ್ಲಿ 256 ಮಾದರಿಗಳ ಬಫರ್ ಎಂದರೆ 5.3 ಮಿಲಿಸೆಕೆಂಡ್, ಒಳಗೆ ಬರಲು ಒಮ್ಮೆ, ಹೊರಗೆ ಹೋಗಲು ಒಮ್ಮೆ ಸೇರಿ ಹತ್ತನ್ನು ದಾಟುತ್ತದೆ. ಮುದ್ರಣದ ವೇಳೆ ಬಫರ್ ಇಳಿಸಬೇಕು, ಅಥವಾ ಇಂಟರ್‌ಫೇಸ್‌ನಲ್ಲಿಯೇ ಇರುವ ನೇರ ಮಾನಿಟರ್ ಸೌಲಭ್ಯವನ್ನು ಬಳಸಿ ಚಾನೆಲ್‌ನ ಮಾನಿಟರ್ ಗುಂಡಿಯನ್ನು ಬಂದ್ ಮಾಡಿಬಿಡಬೇಕು.

ಗದಗಿನ ಗಾಯಕರ ವಚನವನ್ನು ಉಳಿಸಲು ಸಾಧ್ಯವಾಗಲಿಲ್ಲ. ಮರುದಿನ ಅವರ ಇಂಟರ್‌ಫೇಸನ್ನೇ ತರಿಸಿ, ತಾರ ಷಡ್ಜದ ಆ ಸಾಲನ್ನು ಮೂರು ಸಲ ಹಾಡಿಸಿ, ಗೇನ್ ಗುಂಡಿಯನ್ನು ಅವರ ಕೈಯಿಂದಲೇ ಇಳಿಸಿಸಿ, ನಿಂತ ಜಾಗದಲ್ಲಿ ಬಿಳಿ ಪೆನ್ಸಿಲ್ಲಿನಿಂದ ಗೀರು ಹಾಕಿಸಿದೆ. ಪರದೆಯ ಮೇಲಿನ ಫೇಡರ್ ಹಾಡು ಮುಗಿಯುವವರೆಗೂ 0ಯಲ್ಲಿಯೇ ಇತ್ತು.